ಮುಂಬಯಿಯ ಮನೆಯಲ್ಲೂ ರೈಲಿನ ಬುತ್ತಿಯಲ್ಲೂ ನಮ್ಮೂರ ಊಟವನ್ನು ಉಳಿಸಿಕೊಳ್ಳುವ ಬಗೆ

ಸಂಜೆಯ ಲೋಕಲ್ ರೈಲಿನಲ್ಲಿ ಒಂದು ಗಂಟೆ ನಿಂತು ಡೊಂಬಿವಲಿಗೋ ಮೀರಾ ರೋಡಿಗೋ ಮರಳಿದ ಕನ್ನಡಿಗರನ್ನು ಈಗ ಯಾವ ಊಟ ಬೇಕೆಂದು ಕೇಳಿದರೆ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಮೈಸೂರು ಕಡೆಯವರು ಬಿಸಿ ಅನ್ನ, ತಿಳಿಸಾರು, ಮೇಲೊಂದು ಚಮಚ ತುಪ್ಪ ಎನ್ನುತ್ತಾರೆ. ಕರಾವಳಿಯವರು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಎನ್ನುತ್ತಾರೆ. ವಿಜಯಪುರ, ಕಲಬುರಗಿ ಕಡೆಯವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಸಾಕು. ದಣಿದು ಬಂದ ಹೊತ್ತಿನಲ್ಲಿ ಇಂಥ ಊಟ ಬೇಗ ತಟ್ಟೆಗೆ ಬರಬೇಕಾದರೆ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತಾಜಾ ಹಿಟ್ಟು ಮೊದಲೇ ಮನೆಯಲ್ಲಿರಬೇಕು. ಇವುಗಳನ್ನು ಮಾಡಿಕೊಳ್ಳುವುದು ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಈ ಊರಿನಲ್ಲಿ ಅವು ಕೆಡದಂತೆ ಕಾಯುವುದು ಕಷ್ಟ. ಮನೆಯ ಡಬ್ಬಿಯಿರಲಿ, ಪ್ರಯಾಣದ ಬುತ್ತಿಯಿರಲಿ, ನಮ್ಮ ಊಟದ ರುಚಿ ಉಳಿಯುವುದು ತೇವವನ್ನು ನಾವು ಎಷ್ಟು ಎಚ್ಚರದಿಂದ ನಿಭಾಯಿಸುತ್ತೇವೆ ಎಂಬುದರ ಮೇಲೆಯೇ ಎಂದು ನಾನು ನಂಬಿದ್ದೇನೆ.

ಸಾರಿನ ಪುಡಿಯಿಂದ ಆರಂಭಿಸುವುದು ಒಳ್ಳೆಯದು. ಪುಡಿಯನ್ನು ಮಳೆ ಬರುವ ಮೊದಲು, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಮಾಡಿಟ್ಟುಕೊಳ್ಳಬೇಕು. ಮುಂಬಯಿಯ ಮರಾಠಿ ಮನೆಗಳಲ್ಲಿಯೂ ವರ್ಷದ ಮಸಾಲೆ ಕುಟ್ಟಿಸುವ ಕಾಲ ಅದೇ ಆಗಿರುವುದರಿಂದ ಇಲ್ಲಿನ ಲಾಲ್‌ಬಾಗ್‌ನ ಮಸಾಲೆ ಅಂಗಡಿಗಳಲ್ಲಿ ಆಗ ಚೆನ್ನಾಗಿ ಒಣಗಿದ ಮೆಣಸಿನಕಾಯಿ ಸಿಗುತ್ತದೆ. ಅಲ್ಲಿ 'ಬೇಡಗಿ' ಎಂದು ಕೇಳಿದರೆ ಕೊಡುವುದು ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ. ಹಾವೇರಿ ಜಿಲ್ಲೆಯ ಪಟ್ಟಣದ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಬಣ್ಣ ಹೆಚ್ಚು ಖಾರ ಕಡಿಮೆಯ ಸುಕ್ಕು ಮೆಣಸಿನಕಾಯಿ. ಒಂದನ್ನು ಮುರಿದು ನೋಡಿ: ಚಟ್ಟನೆ ಮುರಿದರೆ ಕೊಳ್ಳಬಹುದು, ಚರ್ಮದಂತೆ ಬಾಗಿದರೆ ಒಳಗೆ ನೀರಿದೆ ಎಂದು ತಿಳಿಯಬೇಕು.

100 ಗ್ರಾಂ ಕೊತ್ತಂಬರಿ ಬೀಜಕ್ಕೆ 60 ಗ್ರಾಂ ಬ್ಯಾಡಗಿ, 25 ಗ್ರಾಂ ಜೀರಿಗೆ, 15 ಗ್ರಾಂ ಕಾಳುಮೆಣಸು, ಮೆಂತ್ಯ ಮತ್ತು ಸಾಸಿವೆ ತಲಾ 8 ಗ್ರಾಂ, ಒಂದು ಹಿಡಿ ಕರಿಬೇವು, ಸ್ವಲ್ಪ ಇಂಗು ಎಂಬುದು ನಮ್ಮ ಮನೆಯ ಅಳತೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹದಕ್ಕೆ ಬರುವ ಹೊತ್ತಿಗೆ ಜೀರಿಗೆ ಸೀದಿರುತ್ತದೆ. ಕರಿಬೇವನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುವವರೆಗೆ ಹುರಿಯುವುದು ಬಹಳ ಮುಖ್ಯ, ಏಕೆಂದರೆ ಡಬ್ಬಿಯೊಳಗೆ ಬೂಸ್ಟು ಹಿಡಿಯುವುದಕ್ಕೆ ಹೆಚ್ಚಿನ ಸಲ ಕಾರಣವಾಗುವುದು ಅರೆ ಹಸಿಯಾಗಿ ಉಳಿದ ಈ ಎಲೆಗಳೇ. ಹುರಿದದ್ದನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ, ಪುಡಿ ಮಾಡಿದ ಮೇಲೆ ಮಿಕ್ಸಿಯ ಬಿಸಿ ಇಳಿಯಲು ಮತ್ತೊಮ್ಮೆ ಹರಡಿ, ಅನಂತರವೇ ತುಂಬಿಸಬೇಕು.

ತುಂಬಿಸುವುದಕ್ಕೆ ಒಂದೇ ದೊಡ್ಡ ಡಬ್ಬಿ ಬೇಡ. ನಾಲ್ಕು ಸಣ್ಣ ಗಾಜಿನ ಬಾಟಲಿಗಳು ಇರಲಿ. ಒಂದನ್ನು ಅಡುಗೆಮನೆಯಲ್ಲಿಟ್ಟು ಉಳಿದ ಮೂರನ್ನು ಫ್ರಿಜ್‌ನಲ್ಲಿಡಿ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಕೂಡಲೇ ತೆರೆಯಬಾರದು. ತಣ್ಣನೆಯ ಗಾಜಿಗೆ ಮುಂಬಯಿಯ ಗಾಳಿ ತಾಗಿದ ಕ್ಷಣವೇ ಹೊರಗೆ ಹನಿಗಳು ಮೂಡುವುದನ್ನು ನೀವು ನೋಡಿರುತ್ತೀರಿ. ಮುಚ್ಚಳ ತೆರೆದಿದ್ದರೆ ಅವೇ ಹನಿಗಳು ಪುಡಿಯ ಮೇಲೂ ಮೂಡುತ್ತವೆ, ಎರಡು ದಿನಗಳಲ್ಲಿ ಪುಡಿ ಗಂಟು ಕಟ್ಟುತ್ತದೆ. ಮುಚ್ಚಿದಂತೆಯೇ ಒಂದು ಗಂಟೆ ಹೊರಗಿಟ್ಟು, ಗಾಜು ಕೈಗೆ ತಣ್ಣಗೆನಿಸದೆ ಇದ್ದಾಗ ತೆರೆದರೆ ಸೆಪ್ಟೆಂಬರ್‌ವರೆಗೂ ಪುಡಿಯ ಘಮ ಹಾಗೆಯೇ ಇರುತ್ತದೆ. ಕುದಿಯುವ ಸಾರಿನ ಪಾತ್ರೆಯ ಮೇಲೆ ಬಾಟಲಿಯನ್ನು ಬಗ್ಗಿಸಿ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಆ ಹಬೆ ನೇರವಾಗಿ ಬಾಟಲಿಯೊಳಗೆ ಹೋಗುತ್ತದೆ.

ಚಟ್ನಿಪುಡಿಯ ವಿಷಯದಲ್ಲಿ ಇನ್ನೂ ಸ್ವಲ್ಪ ಬಿಗಿಯಾಗಿರಬೇಕು. ಕೊಬ್ಬರಿ ಹಾಕಿದ ಪುಡಿ ಮಳೆಗಾಲದಲ್ಲಿ ಬೇಗ ಮುಗ್ಗಲು ವಾಸನೆ ಹಿಡಿಯುವುದರಿಂದ ಆ ತಿಂಗಳುಗಳಲ್ಲಿ ಕೊಬ್ಬರಿಯನ್ನು ಬಿಟ್ಟು ಕಡಲೆಬೇಳೆ, ಉದ್ದಿನಬೇಳೆಗಳಿಂದಲೇ ಮಾಡಿಕೊಳ್ಳುವುದು ಲೇಸು. ಹುಣಸೆಹಣ್ಣನ್ನು ಎಳೆ ಎಳೆಯಾಗಿ ಬಿಡಿಸಿ ಬಿಸಿ ಬಾಣಲೆಯಲ್ಲಿ ಬಾಡಿಸಿ, ಉಪ್ಪನ್ನೂ ಎರಡು ನಿಮಿಷ ಹುರಿದು ಹಾಕಿ; ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುವ ವಸ್ತು. ಅಗಸೆ ಪುಡಿ ಬೇಗ ಕಮಟುವುದರಿಂದ ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ಮಾಡಿ.

ಅಕ್ಕಿಯ ಆಯ್ಕೆಯಲ್ಲಿ ಊರಿನ ಹೆಸರನ್ನೇ ಹಿಡಿದು ಕೂರಬೇಕಾಗಿಲ್ಲ. ಸೋನಾ ಮಸೂರಿ ಸಿಗದಿದ್ದರೆ ತಿಳಿಸಾರಿಗೆ ಇಲ್ಲಿನ ಕೋಲಂ ಅಕ್ಕಿ ಚೆನ್ನಾಗಿ ಹೊಂದುತ್ತದೆ. ಮೊಸರನ್ನಕ್ಕಂತೂ ಪುಣೆ ಸೀಮೆಯ ಆಂಬೇಮೋಹರ್ ಅಕ್ಕಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಅದು ಮಾವಿನ ಹೂವಿನ ಪರಿಮಳ ಹೊತ್ತು ಮೆತ್ತಗೆ ಬೇಯುತ್ತದೆ. ಗೋವಾಕ್ಕೆ ಹೋಗಿ ನೆಲೆಸಿದ ಕರಾವಳಿಯವರಿಗೆ ಈ ಚಿಂತೆಯೇ ಇಲ್ಲ. ಅಲ್ಲಿನ ದಿನಸಿ ಅಂಗಡಿಯಲ್ಲಿ 'ಉಕ್ಡೆ ತಾಂದುಳ್' ಎಂದು ಕೇಳಿದರೆ ನಮ್ಮ ಕುಚ್ಚಲಕ್ಕಿಯ ಬಳಗದ ಕೆಂಪು ಅಕ್ಕಿ ಸಿಗುತ್ತದೆ, ಮತ್ತು ಗೋವಾದವರು ಬೆಳಗಿನ ಹನ್ನೊಂದರ ಹೊತ್ತಿಗೆ ಉಪ್ಪುನೀರಿನ ಮಾವಿನಕಾಯಿಯೊಂದಿಗೆ ಉಣ್ಣುವ 'ಪೇಜ್' ನಮ್ಮ ಗಂಜಿಯೇ ಆಗಿದೆ. ಅಲ್ಲಿನ ಚಹಾದಂಗಡಿಯಲ್ಲಿ ಮಂಗಳೂರು ಬನ್ಸ್ ಕೂಡ 'ಬನ್ಸ್' ಎಂಬ ಹೆಸರಿನಲ್ಲಿಯೇ ಸಿಗುತ್ತದೆ.

ದೋಸೆ, ಇಡ್ಲಿಯ ಹಿಟ್ಟು ಊರನ್ನು ಅನುಸರಿಸಿ ನಡೆಯುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಆರೇಳು ಗಂಟೆಗಳಲ್ಲಿ ಉಕ್ಕುವ ಹಿಟ್ಟು, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯ ಡಿಸೆಂಬರ್ ಚಳಿಯಲ್ಲಿ ಬೆಳಗಿನವರೆಗೂ ಅಲುಗದೆ ಕುಳಿತಿರುತ್ತದೆ. ಅಲ್ಲಿ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಕೈಯಿಂದಲೇ ಚೆನ್ನಾಗಿ ಕಲಸಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಉರಿಸದ ಓವನ್ನಿನೊಳಗೆ ಒಂದು ಪಾತ್ರೆ ಬಿಸಿ ನೀರಿನ ಪಕ್ಕದಲ್ಲಿಡುವುದು ನಂಬಬಹುದಾದ ಉಪಾಯ. ಮುಂಬಯಿಯ ಸೆಕೆಯಲ್ಲಿ ಹುಳಿಯ ಗೊಡವೆಯೇ ಬೇಡವೆನ್ನುವವರಿಗೆ ನೀರ್ ದೋಸೆ ಇದೆ: ನಾಲ್ಕು ಗಂಟೆ ನೆನೆದ ಅಕ್ಕಿಯನ್ನು ಒಂದು ಹಿಡಿ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಕೂಡಲೇ ಹೊಯ್ಯಬಹುದು.

ಜೋಳದ ರೊಟ್ಟಿ ಬಿರಿಯುತ್ತದೆ ಎಂದು ದೂರುವವರು ಹಿಟ್ಟಿನ ವಯಸ್ಸನ್ನು ನೋಡಬೇಕು. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ. ಎಸರಿನ ಬಿಸಿಗೆ ಹಿಟ್ಟಿನ ಪಿಷ್ಟ ಅರಳಿ ಹಿಡಿದುಕೊಳ್ಳುವುದರಿಂದಲೇ ರೊಟ್ಟಿ ತಟ್ಟಲು ಬರುತ್ತದೆ, ಮತ್ತು ಹಳೆಯ ಹಿಟ್ಟಿನಲ್ಲಿ ಆ ಹಿಡಿತ ಕಡಿಮೆಯಾಗಿರುತ್ತದೆ. ಮಾಲದಂಡಿ ತಳಿಯ ಜೋಳವನ್ನು ಕಾಳಾಗಿಯೇ ಕೊಂಡು ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಓಣಿಯ ಗಿರಣಿಯಲ್ಲಿ ಬೀಸಿಸಿ, ಕುದಿಯುವ ಎಸರು ಹಾಕಿ ನಾದಿದರೆ ದೂರು ಉಳಿಯುವುದಿಲ್ಲ.

ಈಗ ಬುತ್ತಿಯ ವಿಚಾರ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆಯ ಮಾರ್ಗ ಪೂರ್ತಿಯಾಗಿ ತೆರೆದಂದಿನಿಂದ ಕರಾವಳಿಗೆ ಹೋಗುವ ನಮ್ಮ ಪ್ರಯಾಣ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಇಳಿಯುವಂಥದ್ದಾಗಿದೆ. ಮಳೆಗಾಲದಲ್ಲಿ ಆ ಮಾರ್ಗಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ಗಾಡಿಗಳು ನಿಧಾನವಾಗಿ ಓಡುತ್ತವೆ. ಆದ್ದರಿಂದ ಜೂನ್ ನಂತರ ಹೊರಡುವವರು ಒಂದು ಹೊತ್ತಿನ ಊಟವನ್ನು ಹೆಚ್ಚಾಗಿಯೇ ಕಟ್ಟಿಕೊಳ್ಳಬೇಕು.

ಒಮ್ಮೆ ನಾನು ಅವಸರದಲ್ಲಿ ಬಿಸಿ ಪುಳಿಯೋಗರೆಯನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಿದ್ದೆ. ರತ್ನಾಗಿರಿ ದಾಟಿದ ಮೇಲೆ ತೆರೆದಾಗ ಮುಚ್ಚಳದ ಒಳಬದಿಯಲ್ಲಿ ಸಾಲು ಸಾಲು ನೀರಹನಿ, ಅಂಚಿನ ಅನ್ನ ಲೋಳೆ ಲೋಳೆ. ಜೊತೆಗಿದ್ದ ಅತ್ತೆಯವರು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, "ಇದು ಬೇಡಮ್ಮ, ಮಕ್ಕಳಿಗಂತೂ ಕೊಡಲೇಬೇಡ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅವು ಬೆಳೆದು ವಿಷವನ್ನು ಬಿಡುತ್ತವೆ, ಮತ್ತು ಆ ವಿಷ ಮತ್ತೆ ಬಿಸಿ ಮಾಡುವುದರಿಂದ ಹೋಗುವುದಿಲ್ಲ. ಅಂದಿನಿಂದ ಅನ್ನವನ್ನು ಅಗಲವಾದ ಪರಾತದಲ್ಲಿ ಹರಡಿ, ಎಳ್ಳೆಣ್ಣೆ ಸವರಿ, ಫ್ಯಾನಿನ ಕೆಳಗೆ ಬೇಗನೆ ಪೂರ್ತಿ ಆರಿಸಿ, ಒರೆಸಿ ಒಣಗಿಸಿದ ಡಬ್ಬಿಗೆ ತುಂಬುತ್ತೇನೆ, ಅದೇ ರಾತ್ರಿಯೊಳಗೆ ಮುಗಿಸುತ್ತೇವೆ.

ಗೊಜ್ಜಿನ ಕಥೆ ಬೇರೆ. 100 ಗ್ರಾಂ ಹುಣಸೆಹಣ್ಣಿನ ದಪ್ಪ ರಸ, 100 ಮಿಲಿಲೀಟರ್ ಎಳ್ಳೆಣ್ಣೆ, 50 ಗ್ರಾಂ ಬೆಲ್ಲ, ನಾಲ್ಕೈದು ದೊಡ್ಡ ಚಮಚ ಸಾರಿನ ಪುಡಿ, ಸ್ವಲ್ಪ ಮುಂದಾಗಿಯೇ ಉಪ್ಪು; ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಇದನ್ನು ಎಣ್ಣೆ ಅಂಚಿನಲ್ಲಿ ಬಿಟ್ಟುಕೊಳ್ಳುವವರೆಗೆ ಕುದಿಸಬೇಕು. ನೀರು ಆರಿಹೋಗಿ ಹುಳಿ, ಉಪ್ಪು, ಎಣ್ಣೆ ಮಾತ್ರ ಉಳಿಯುವುದರಿಂದ ಗೊಜ್ಜು ಪ್ರಯಾಣದ ಎರಡು ಮೂರು ದಿನಗಳನ್ನು ಸುಲಭವಾಗಿ ತಾಳುತ್ತದೆ. ಹುರಿದ ಎಳ್ಳಿನ ಪುಡಿಯನ್ನು ಗೊಜ್ಜಿಗೆ ಸೇರಿಸದೆ ಪ್ರತ್ಯೇಕ ಪೊಟ್ಟಣದಲ್ಲಿ ಒಯ್ಯಿರಿ. ಮರುದಿನ ಬೆಳಿಗ್ಗೆ ಗಾಡಿ ತಡವಾದರೆ, ಮೊದಲೇ ಹುರಿದು ತರಿತರಿಯಾಗಿ ಪುಡಿ ಮಾಡಿಟ್ಟುಕೊಂಡ ಗಟ್ಟಿ ಅವಲಕ್ಕಿಗೆ ಎರಡು ಚಮಚ ಗೊಜ್ಜು, ನೆನೆಯುವಷ್ಟು ಕುಡಿಯುವ ನೀರು ಬೆರೆಸಿ ಕಾಲು ಗಂಟೆ ಮುಚ್ಚಿಟ್ಟರೆ ಗೊಜ್ಜವಲಕ್ಕಿ ಸಿದ್ಧ. ಪ್ರಯಾಣಕ್ಕೆ ಇದಕ್ಕಿಂತ ನಂಬಿಕೆಯ ತಿಂಡಿಯನ್ನು ನಾನು ಕಾಣೆ.

ರಾತ್ರಿಯ ಊಟಕ್ಕೆ ಮೊಸರನ್ನ ಬೇಕೆನ್ನುವವರು ಮೊಸರನ್ನು ಕಡಿಮೆ, ಹಾಲನ್ನು ಹೆಚ್ಚು ಹಾಕಬೇಕು. ಮೆತ್ತಗೆ ಬೆಂದ ಅನ್ನವನ್ನು ಹಿಸುಕಿ ಆರಿಸಿ, ಒಂದು ಬಟ್ಟಲು ಅಕ್ಕಿಯ ಅನ್ನಕ್ಕೆ ಕಾಯಿಸಿ ಆರಿಸಿದ ಎರಡು ಬಟ್ಟಲು ಹಾಲು, ಎರಡೇ ಚಮಚ ತಾಜಾ ಮೊಸರು, ಉಪ್ಪು, ಶುಂಠಿ, ಒಗ್ಗರಣೆ ಹಾಕಿದರೆ ಐದಾರು ಗಂಟೆಗಳಲ್ಲಿ ಡಬ್ಬಿಯೊಳಗೇ ಹದವಾಗಿ ಹೆಪ್ಪಾಗುತ್ತದೆ. ನೀರು ಬಿಡುವ ಸೌತೆಕಾಯಿ, ಈರುಳ್ಳಿ ಬೇಡ. ಇದನ್ನು ಮರುದಿನಕ್ಕೆ ಉಳಿಸಿಕೊಳ್ಳಬಾರದು.

ಸೊಲ್ಲಾಪುರದ ದಾರಿಯಾಗಿ ಕಲಬುರಗಿ ಕಡೆಗೆ ಹೋಗುವವರಿಗೆ ಖಡಕ್ ರೊಟ್ಟಿ ಇದೆ. ತೇವ ತಾಗದಂತೆ ಬಟ್ಟೆಯಲ್ಲಿ ಸುತ್ತಿ ಒಣ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಮರೆತು ಬಂದರೂ ಸೊಲ್ಲಾಪುರದಲ್ಲಿ ಖಡಕ್ ಭಾಕರಿ, ಶೇಂಗಾ ಚಟ್ನಿ ಎರಡೂ ಸಿಗುತ್ತವೆ.

ಹೋಟೆಲ್ ಕೋಣೆಯಲ್ಲಿ ಉಳಿಯುವವರು ಉಪ್ಪಿಟ್ಟಿನ ಒಣ ಪುಡಿಯನ್ನು ಒಯ್ಯಬಹುದು: ಸಣ್ಣ ರವೆಯನ್ನು ಘಮ್ಮೆನ್ನುವವರೆಗೆ ಹುರಿದು, ಒಗ್ಗರಣೆ ಮತ್ತು ಉಪ್ಪು ಬೆರೆಸಿ, ಆರಿಸಿ ತುಂಬಿಕೊಂಡರೆ, ಒಂದು ಅಳತೆ ಪುಡಿಗೆ ಎರಡೂವರೆ ಅಳತೆ ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ರೈಲಿನಲ್ಲಿ ಮಾತ್ರ ಕೆಟಲ್ ಬಳಸುವಂತಿಲ್ಲ. ಬೋಗಿಯ ಸಾಕೆಟ್ ಮೊಬೈಲಿನಂಥ ಸಣ್ಣ ಉಪಕರಣಗಳಿಗಾಗಿ ಇರುವುದು, ಕೆಟಲ್ ಹಾಕುವುದು ನಿಷಿದ್ಧವೂ ಅಪಾಯಕರವೂ ಹೌದು. ಬಿಸಿ ನೀರನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ಒಯ್ಯುವುದು ಸರಿ. ವಿಮಾನದಲ್ಲಿ ಹೋಗುವುದಾದರೆ ಪುಡಿ, ಗೊಜ್ಜು, ಉಪ್ಪಿನಕಾಯಿ ಎಲ್ಲವನ್ನೂ ಚೆಕ್-ಇನ್ ಚೀಲದಲ್ಲಿಡುವುದೇ ನಿರಾಳ.

ಅಡುಗೆ ಮಾಡುವ ಶಕ್ತಿಯೇ ಇಲ್ಲದ ದಿನಗಳೂ ಇರುತ್ತವೆ. ಆಗ ಮುಂಬಯಿಯ ಮಾಟುಂಗ ಬಡಾವಣೆ ಇದೆ. 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಎಲೆಯ ಮುಂದೆ ಕುಳಿತು ಅನ್ನಕ್ಕೆ ಸಾರು ಹಾಕಿಸಿಕೊಳ್ಳಬಹುದು, ಹೊರಗೆ ಮಾರುಕಟ್ಟೆಯಲ್ಲಿ ಎಳೆ ಕರಿಬೇವು, ಬಾಳೆಎಲೆ, ಆಗಷ್ಟೇ ಬೀಸಿದ ಕಾಫಿಪುಡಿಯನ್ನು ಕೊಂಡು ಮನೆಗೆ ಮರಳಬಹುದು.

ಊರಿನಿಂದ ಮರಳುವಾಗ ತಂದ ಹಪ್ಪಳ, ಸಂಡಿಗೆ, ಬಾಳಕದ ಮೆಣಸುಗಳನ್ನು ಚೀಲದಲ್ಲಿಯೇ ಬಿಟ್ಟು ಮಲಗಬೇಡಿ. ರಾತ್ರಿಯಿಡೀ ರೈಲಿನ ಗಾಳಿ ಕುಡಿದ ಅವನ್ನು ಬಂದ ದಿನವೇ ಬಿಚ್ಚಿ, ಬಾಲ್ಕನಿಗೆ ಬಿಸಿಲು ಬರುವುದಾದರೆ ಎರಡು ಗಂಟೆ ಹರಡಿ, ಮಳೆಯಾದರೆ ಅತಿ ಸಣ್ಣ ಉರಿಯ ಓವನ್ನಿನಲ್ಲಿ ಹತ್ತು ನಿಮಿಷ ಇಟ್ಟು, ಆರಿದ ಮೇಲೆ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತಿಂಗಳನ್ನು ಬರೆದಿಡಿ.