ಮೂರನೇ ವಾರದ ಗೊಣಗಾಟ: ಫೋನಿನ ಓಎಸ್‌ಗಳನ್ನು ನಾನು ಅಳೆದ ರೀತಿ

ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ: ಐಫೋನಿನಲ್ಲಿ ಐಓಎಸ್, ಬೇರೆ ಬಹುತೇಕ ಫೋನುಗಳಲ್ಲಿ ಆಂಡ್ರಾಯ್ಡ್. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ವೇಗ ಅಳೆಯುವ ಬೆಂಚ್‌ಮಾರ್ಕ್ ಸ್ಕೋರ್ ಇಲ್ಲ. ಪ್ರೊಸೆಸರ್, ರ‍್ಯಾಮ್, ಕ್ಯಾಮೆರಾ ಸುದ್ದಿಯೂ ಇಲ್ಲ. ನನ್ನ ಹತ್ತಿರ ಇರುವುದು ಇನ್ನೂರು ಪುಟದ ಒಂದು ನೋಟ್‌ಬುಕ್. ಅದರ ತುಂಬ ನನ್ನ ಗೊಣಗಾಟ. ಅದನ್ನು ನೋಡಿ ಗೆಳೆಯರೆಲ್ಲ ನಕ್ಕಿದ್ದರು. "ಎಷ್ಟು ಸಲ ಬೈದುಕೊಂಡೆ ಅಂತ ಎಣಿಸಿದರೆ ಯಾವ ಓಎಸ್ ಚೆನ್ನಾಗಿದೆ ಅಂತ ಗೊತ್ತಾಗುತ್ತಾ?" ಗೊತ್ತಾಗುತ್ತದೆ. ನಕ್ಕವರಲ್ಲೇ ಮೂವರು ಈಚೆಗೆ ಹೊಸ ಫೋನ್ ಕೊಳ್ಳುವ ಮುಂಚೆ ನನ್ನನ್ನು ಹುಡುಕಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಈ ಪದ್ಧತಿ ಸರಿಹೋಗುವ ಮುಂಚೆ ಮೂರು ಸಲ ಕೆಟ್ಟಿದೆ. ಮೊದಲನೆಯದು ಎಲ್ಲರೂ ಮಾಡುವ ತಪ್ಪೇ. ಬಲ ಜೇಬಿನಲ್ಲಿ ನನ್ನ ಹಳೆಯ ಆಂಡ್ರಾಯ್ಡ್, ಎಡ ಜೇಬಿನಲ್ಲಿ ಹೊಸದಾಗಿ ಕೊಂಡ ಐಫೋನ್. ಅವಸರ ಬಂದರೆ ಕೈ ಸೀದಾ ಹಳೆಯ ಫೋನಿಗೇ ಹೋಗುತ್ತದೆ. ಹೊಸದು ಹೊರಗೆ ಬರುವುದು ಪುರುಸೊತ್ತಿದ್ದಾಗ ಮಾತ್ರ. ಪುರುಸೊತ್ತಿದ್ದಾಗ ಯಾವ ಓಎಸ್ ಆದರೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?

ಎರಡನೇ ಸಲ ಸ್ಟಾಪ್‌ವಾಚ್ ಹಿಡಿದೆ. ಹನ್ನೆರಡು ಕೆಲಸ ಪಟ್ಟಿ ಮಾಡಿಕೊಂಡೆ: ಅಲಾರಂ ಇಡುವುದು, ವೈಫೈ ಪಾಸ್‌ವರ್ಡ್ ಹಂಚುವುದು, ಫೋಟೋ ಕತ್ತರಿಸಿ ಕಳಿಸುವುದು, ಹೀಗೆ. ಎರಡು ವಾರಾಂತ್ಯ ಹಾಳಾಯಿತು. ಎರಡು ಫೋನಿನ ನಡುವೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಸಿಗಲಿಲ್ಲ. ಗಡಿಯಾರ ಓಡುತ್ತಿದ್ದರೆ ಮನುಷ್ಯ ಎಚ್ಚರದಿಂದ ಒತ್ತುತ್ತಾನೆ. ದಿನಬಳಕೆಯಲ್ಲಿ ಇಲ್ಲದಿರುವುದೇ ಆ ಎಚ್ಚರ.

ಮೂರನೇ ಸಲ ಹಳೆಯ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಿಮ್ ಪೂರ್ತಿ ಹೊಸದಕ್ಕೆ. ಹತ್ತು ದಿನ ಬಳಸಿ, ಗೊಣಗಿದ್ದನ್ನೆಲ್ಲ ಬರೆದುಕೊಂಡು, "ಐಓಎಸ್ ನನಗಲ್ಲ" ಅಂತ ತೀರ್ಪು ಕೊಟ್ಟುಬಿಟ್ಟೆ. ಫೋನನ್ನು ಮಾರಿಯೂ ಆಯಿತು. ಆಮೇಲೆ ಒಂದು ದಿನ ಪುಸ್ತಕ ತಿರುವಿ ಹಾಕುವಾಗ ಗೊತ್ತಾಯಿತು. ಹತ್ತಿರಹತ್ತಿರ ನೂರೈವತ್ತು ಸಾಲಿನಲ್ಲಿ ನೂರಕ್ಕೂ ಜಾಸ್ತಿ ಮೊದಲ ಆರು ದಿನದವು. ನಾನು ಬೈದಿದ್ದು ಓಎಸ್ಸನ್ನಲ್ಲ, ನನ್ನದೇ ಹೆಬ್ಬೆರಳಿನ ಅಭ್ಯಾಸವನ್ನು.

ಅಲ್ಲಿಂದ ಈಗಿನ ಪದ್ಧತಿಗೆ ಬಂದೆ. ಒಂದೇ ಸಿಮ್, ಒಂದೇ ಫೋನ್, ಕನಿಷ್ಠ ಒಂದು ತಿಂಗಳು. ಗೊಣಗಿದಾಗಲೆಲ್ಲ ಪೆನ್ನಿನಲ್ಲಿ ಒಂದು ಸಾಲು. ಫೋನಿನಲ್ಲಿ ಬರೆಯಬಾರದು, ಬರೆಯಲು ಹೋದರೆ ಅದರಿಂದಲೇ ಇನ್ನೆರಡು ಗೊಣಗು ಹುಟ್ಟುತ್ತವೆ. ಮೊದಲ ಎರಡು ವಾರದ ಪುಟಗಳನ್ನು ಸ್ಟೇಪ್ಲರ್ ಹೊಡೆದು ಮುಚ್ಚಿಬಿಡಬೇಕು. ಲೆಕ್ಕಕ್ಕೆ ಬರುವುದು ಮೂರನೇ, ನಾಲ್ಕನೇ ವಾರ ಮಾತ್ರ.

ಪುಸ್ತಕದ ಸಾಲುಗಳು ಹೀಗಿರುತ್ತವೆ: "ಹಿಂದೆ ಹೋಗಬೇಕು. ಮೇಲೆ ಎಡ ಮೂಲೆ. ಬೆರಳು ಎಟುಕಲಿಲ್ಲ." "ಅಲಾರಂ ಜೋರು ಮಾಡಲು ಹೋದೆ, ಹಾಡು ಜೋರಾಯಿತು." "ನೋಟಿಫಿಕೇಶನ್ ತಳ್ಳಿದೆ, ಏನಿತ್ತು ಅಂತ ಮರೆತೆ." ದಿನಕ್ಕೆ ನಾಲ್ಕೈದು ಸಾಲು ಬಂದರೆ ಸಾಮಾನ್ಯ. ಹತ್ತು ದಾಟಿದರೆ ಏನೋ ಎಡವಟ್ಟಿದೆ.

ಈಗ ದುಡ್ಡಿನ ಮಾತು. ನನ್ನ ಲೆಕ್ಕದಲ್ಲಿ ಆರು ಫೋನ್ ಕೊಂಡೆ, ಐದು ಮಾರಿದೆ. ಎಲ್ಲ ಸೆಕೆಂಡ್ ಹ್ಯಾಂಡ್. ಒಟ್ಟು ಕಳೆದುಕೊಂಡಿದ್ದು ಒಂದು ಹೊಸ ಮಧ್ಯಮ ದರ್ಜೆಯ ಫೋನಿನ ದುಡ್ಡು. ಐಫೋನ್‌ಗಳಲ್ಲಿ ಕೊಟ್ಟ ದುಡ್ಡಿನ ಹತ್ತರಲ್ಲಿ ಒಂಬತ್ತು ಪಾಲು ವಾಪಸ್ ಬಂತು. ಆಂಡ್ರಾಯ್ಡ್‌ನಲ್ಲಿ ಆರೇಳು ಪಾಲು ಬಂದರೆ ಪುಣ್ಯ. ನಿಜವಾಗಿ ಹೊಟ್ಟೆ ಉರಿದಿದ್ದು ಒಂದೇ ಸಲ. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡ ಐಫೋನಿನಲ್ಲಿ ಹಳೆಯ ಮಾಲೀಕರ ಖಾತೆ ಹಾಗೇ ಇತ್ತು. ರೀಸೆಟ್ ಮಾಡಿದ ಮೇಲೆ ಆಕ್ಟಿವೇಶನ್ ಲಾಕ್ ಕಾಣಿಸಿತು, ಅಂದರೆ ಆ ಹಳೆಯ ಖಾತೆಯ ಪಾಸ್‌ವರ್ಡ್ ಇಲ್ಲದೆ ಫೋನ್ ತೆರೆಯುವುದಿಲ್ಲ. ಮಾರಿದವರು ಆಗಲೇ ನಂಬರ್ ಬದಲಿಸಿದ್ದರು. ಬಿಡಿಭಾಗಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ಆಂಡ್ರಾಯ್ಡ್‌ನಲ್ಲೂ ಇದೇ ಥರದ ಲಾಕ್ ಇದೆ. ದುಡ್ಡು ಕೊಡುವ ಮುಂಚೆ ಎದುರಿಗೇ ಸೈನ್ ಔಟ್ ಮಾಡಿಸಿ. ಇನ್ನು ಎರಡು ಆಪ್‌ಗಳಿಗೆ ಎರಡೂ ಕಡೆ ದುಡ್ಡು ಕಟ್ಟಿದೆ, ಒಂದು ಸ್ಟೋರಿನ ಖರೀದಿ ಇನ್ನೊಂದಕ್ಕೆ ಬರುವುದಿಲ್ಲ. ಉಚಿತ ಕ್ಲೌಡ್ ಜಾಗ ಗೂಗಲ್‌ನಲ್ಲಿ 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ. ನನ್ನ ಫೋಟೋಗಳೇ ಮೂವತ್ತು ಜಿಬಿ ಇದ್ದವು. ಅಲ್ಲಿಗೂ ತಿಂಗಳ ಬಾಡಿಗೆ ಶುರುವಾಯಿತು.

ವಾಟ್ಸಾಪ್ ಚಾಟ್ ಸಾಗಿಸುವಾಗ ಇನ್ನೊಂದು ಪೆಟ್ಟು, ಇದು ನನ್ನದೇ ತಪ್ಪು. ಆಂಡ್ರಾಯ್ಡ್‌ನಿಂದ ಐಫೋನಿಗೆ ಚಾಟ್ ಕಳಿಸುವ ದಾರಿ 2022ರಲ್ಲಿ ಬಂತು. ಆದರೆ ನಾನು ಮಾಡಿದಾಗ ಅದು ಆಗುತ್ತಿದ್ದುದು ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ ಮಾತ್ರ. ನಾನು ಎಲ್ಲ ಜೋಡಿಸಿ, ವಾಲ್‌ಪೇಪರ್ ಕೂಡ ಹಾಕಿಕೊಂಡ ಮೇಲೆ ಇದನ್ನು ಓದಿದೆ. ಪೂರ್ತಿ ಅಳಿಸಿ ಮತ್ತೆ ಮೊದಲಿಂದ.

ಪದ್ಧತಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಪಿಡಿಎಫ್ ಕಥೆ ಕೇಳಿ. ಐಫೋನ್ ಹಿಡಿದ ನಾಲ್ಕನೇ ದಿನ. ಎಡಗೈಯಲ್ಲಿ ಚೀಲ, ನಿಂತುಕೊಂಡೇ ಒಂದು ಅರ್ಜಿ ಫಾರಂ ಡೌನ್‌ಲೋಡ್ ಮಾಡಿ ಮೇಲ್ ಕಳಿಸಬೇಕಿತ್ತು. ಸಫಾರಿಯಲ್ಲಿ ಇಳಿಸಿದೆ. ಮೇಲ್ ತೆರೆದೆ, ಅಟ್ಯಾಚ್ ಒತ್ತಿದೆ, ಫೋನಿನ ಒಳಗಿನ ಫೋಲ್ಡರಿಗೆ ಹೋದೆ. ಖಾಲಿ. ಗ್ಯಾಲರಿಯಲ್ಲೂ ನೋಡಿದೆ, ಸುಮ್ನೆ. ಕೊನೆಗೆ ಅದು ಐಕ್ಲೌಡ್ ಡ್ರೈವಿನ ಡೌನ್‌ಲೋಡ್ಸ್ ಒಳಗೆ ಕೂತಿತ್ತು. ಒಂದೂವರೆ ನಿಮಿಷ, ಒಂದೇ ಹೆಬ್ಬೆರಳು, ಪುಸ್ತಕದಲ್ಲಿ ಐದು ಸಾಲು. ಮೂರನೇ ವಾರದ ಹೊತ್ತಿಗೆ ಈ ಗೊಣಗು ಒಂದೂ ಇಲ್ಲ. ಫೈಲ್ ತೆರೆದಿದ್ದ ಕಡೆಯಿಂದಲೇ ಶೇರ್ ಒತ್ತುವುದು ರೂಢಿಯಾಗಿತ್ತು. ಎರಡು ಮೂರು ಒತ್ತು, ಕೆಲಸ ಮುಗಿಯಿತು. ಆ ಐದು ಸಾಲು ನಂಬಿ ತೀರ್ಪು ಕೊಟ್ಟಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ.

ಆದರೆ ಹಿಂದೆ ಹೋಗುವ ಗೊಣಗು ನಾಲ್ಕನೇ ವಾರದ ಕೊನೆಯ ದಿನವೂ ಇತ್ತು. ನಾನು ಬಳಸಿದ ಐಓಎಸ್‌ನಲ್ಲಿ ಒಂದು ಪರದೆಯಲ್ಲಿ ಎಡ ಅಂಚಿನಿಂದ ಎಳೆಯಬೇಕಿತ್ತು. ಇನ್ನೊಂದು ಕೆಳಗಿಂದ ಎದ್ದು ಬಂದಿರುತ್ತದೆ, ಅದನ್ನು ಕೆಳಕ್ಕೆ ಎಳೆಯಬೇಕು. ಮತ್ತೊಂದರಲ್ಲಿ ಮೇಲಿನ ಮೂಲೆಯ ಬಟನ್ನೇ ಗತಿ. ಆಂಡ್ರಾಯ್ಡ್‌ನಲ್ಲಿ 2019ರ ಆವೃತ್ತಿ 10ರಿಂದ ಎಡ, ಬಲ ಯಾವ ಅಂಚಿನಿಂದ ಎಳೆದರೂ ಹಿಂದೆಯೇ. ಅದಕ್ಕೂ ಒಂದು ಕಾಟ ಇದೆ. ಫೋಟೋ ಕತ್ತರಿಸಲು ಮೂಲೆ ಹಿಡಿದು ಎಳೆದರೆ ಪರದೆಯೇ ಹಿಂದಕ್ಕೆ ಹೋಗಿಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ ಅಂಚಿನ ಸೂಕ್ಷ್ಮತೆ ಇಳಿಸಿದ ಮೇಲೆ ಹದಕ್ಕೆ ಬಂತು.

ನೋಟಿಫಿಕೇಶನ್‌ನಲ್ಲಿ ಆಂಡ್ರಾಯ್ಡ್ ಸಲೀಸಾಗಿ ಗೆದ್ದಿತು. 2017ರ ಆವೃತ್ತಿ 8ರಲ್ಲಿ ಚಾನೆಲ್ ಅನ್ನುವುದು ಬಂತು. ಪಾರ್ಸೆಲ್ ಬಂತು ಅನ್ನುವ ಸುದ್ದಿ ಬೇಕು, ಅದೇ ಆಪಿನ ಆಫರ್ ಬೇಡ. ಬಂದ ನೋಟಿಫಿಕೇಶನ್ ಮೇಲೆ ಒತ್ತಿ ಹಿಡಿದರೆ ಆ ಜಾತಿಯದನ್ನು ಮಾತ್ರ ಮುಚ್ಚಬಹುದು. ಆಪ್ ಮಾಡಿದವರು ಸರಿಯಾಗಿ ಬೇರ್ಪಡಿಸಿರಬೇಕು, ಅಷ್ಟೇ. ಮೊದಲ ಮೂರು ದಿನದಲ್ಲಿ ಇಪ್ಪತ್ತರಷ್ಟು ಮುಚ್ಚಿದೆ, ಆಮೇಲೆ ಶಾಂತಿ. ಐಫೋನಿನಲ್ಲಿ ಇದಕ್ಕೆ ಒಂದೊಂದೇ ಆಪಿನ ಒಳಗೆ ಹೊಕ್ಕು ಹುಡುಕಿದೆ. ಕೆಲವದರಲ್ಲಿ ಅಂಥ ಆಯ್ಕೆಯೇ ಇರಲಿಲ್ಲ.

ಕನ್ನಡ ಟೈಪಿಂಗ್ ಗೊಣಗನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆದೆ. ಆಂಡ್ರಾಯ್ಡ್ 2012ರ 4.1ರಲ್ಲಿ ಕನ್ನಡ ತೋರಿಸಲು ಕಲಿಯಿತು. ಅದಕ್ಕೂ ಮುಂಚೆ ಚೌಕ ಡಬ್ಬಿಗಳನ್ನು ನೋಡಿ ಕೂತವರಿಗೆ ಈಗಿನದು ಸ್ವರ್ಗ. ಎರಡರಲ್ಲೂ ಒತ್ತಕ್ಷರ ಸರಿಯಾಗಿಯೇ ಕೂರುತ್ತದೆ. ತೊಂದರೆ ಇರುವುದು ಬೇರೆ ಕಡೆ. ಐಓಎಸ್‌ನಲ್ಲಿ ಬೇರೆಯವರು ಮಾಡಿದ ಕೀಬೋರ್ಡ್ ಆಪಿಗೆ ಮೈಕ್ ನೇರವಾಗಿ ಸಿಗುವುದಿಲ್ಲ, ಪಾಸ್‌ವರ್ಡ್ ಜಾಗ ಬಂದರೆ ಅದು ತಾನೇ ಮಾಯವಾಗಿ ಫೋನಿನ ಸ್ವಂತ ಕೀಬೋರ್ಡ್ ಬರುತ್ತದೆ. ಭದ್ರತೆಗೆ ಒಳ್ಳೆಯದೇ. ಮಾತಾಡಿ ಕನ್ನಡ ಬರೆಯುವ ನನ್ನಂಥವನಿಗೆ ಮಾತ್ರ ದಿನಕ್ಕೆರಡು ಗೊಣಗು.

ಸಾದಾ ಆಂಡ್ರಾಯ್ಡ್, ಐಓಎಸ್ ಆದ ಮೇಲೆ ನಾನು ಅಳೆದ ಮೂರನೆಯದು ಒಂದು ಕಂಪನಿ ತನ್ನದೇ ಅಲಂಕಾರ ಹೊದಿಸಿದ ಆಂಡ್ರಾಯ್ಡ್. ಹೆಸರು ಬೇಡ. ಅದು ಬ್ಯಾಟರಿ ಉಳಿಸುವ ಭರದಲ್ಲಿ ಹಿನ್ನೆಲೆಯ ಆಪ್‌ಗಳನ್ನು ಕೊಂದುಬಿಡುತ್ತಿತ್ತು. ನನ್ನ ಮಾತ್ರೆಯ ರಿಮೈಂಡರ್ ಎರಡು ರಾತ್ರಿ ಬಾರಿಸಲೇ ಇಲ್ಲ. ಇದರಲ್ಲಿ ಗೊಣಗಿಗಿಂತ ಮೌನ ಅಪಾಯ ಅಂತ ಕಲಿತೆ. ಆಗದೇ ಹೋದ ಕೆಲಸಕ್ಕೆ ಗೊಣಗುವುದು ಹೇಗೆ? ಅಂದಿನಿಂದ ಪ್ರತಿ ರಾತ್ರಿ "ಇವತ್ತು ಏನು ಬರಬೇಕಿತ್ತು, ಬರಲಿಲ್ಲ?" ಅಂತ ಒಂದು ಕಾಲಂ ಸೇರಿಸಿದೆ.

ನಾಲ್ಕನೆಯದು ಹಳೆಯ ಫೋನಿಗೆ ಹಾಕಿದ ಲೀನಿಯೇಜ್ ಓಎಸ್, ಫೋನಿನ ಜೊತೆ ಬಂದ ಓಎಸ್ ತೆಗೆದು ನಾವೇ ಹಾಕಿಕೊಳ್ಳುವ ಆಂಡ್ರಾಯ್ಡ್. ಅದರ ಹಿಂದಿನ ಅವತಾರ ಸೈನೋಜೆನ್‌ಮಾಡ್ ಕಾಲದಿಂದ ಹೀಗೆ ಓಎಸ್ ಹಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ಹಗುರವಾದ, ತೊಂದರೆ ಕೊಡದ ಪರದೆ ನಾನು ಬೇರೆ ನೋಡಿಲ್ಲ. ಆದರೆ ಬೂಟ್‌ಲೋಡರ್, ಅಂದರೆ ಫೋನ್ ಶುರುವಾಗುವಾಗ ಓಎಸ್ ಎಬ್ಬಿಸುವ ತಂತ್ರಾಂಶ, ಅದರ ಬೀಗ ತೆರೆದಿದೆ ಅಂತ ಬ್ಯಾಂಕ್ ಆಪ್ ಒಳಗೆ ಬಿಟ್ಟುಕೊಳ್ಳಲಿಲ್ಲ. ನಾಲ್ಕನೇ ವಾರದ ಗೊಣಗಿನಲ್ಲಿ ಮುಕ್ಕಾಲು ಪಾಲು ಅದೊಂದೇ. ಅದನ್ನು ಬ್ರೌಸರಿನಲ್ಲಿ ತೆರೆದು ದಿನ ದೂಡಿದೆ.

ನಡುವೆ ದಾರಿ ತಪ್ಪಿ ಮಾಡಿದ್ದೂ ಇದೆ. ಒಂದು ವಾರ ಎಲ್ಲ ಫೋನನ್ನೂ ಕಪ್ಪುಬಿಳುಪು ಮಾಡಿಟ್ಟೆ. ಗೊಣಗು ಕಡಿಮೆಯಾಯಿತು, ಏಕೆಂದರೆ ಫೋನ್ ತೆಗೆಯುವುದೇ ಕಡಿಮೆಯಾಯಿತು. ಆ ವಾರದ ಲೆಕ್ಕ ಬಿಸಾಡಿದೆ. ಉಬುಂಟು ಟಚ್ ಅನ್ನುವ, ಲಿನಕ್ಸ್ ಮೇಲೆ ಕಟ್ಟಿದ ಓಎಸ್ ಕೂಡ ಹಾಕಿದೆ. ಅದನ್ನು ಮಾಡಿದ ಕೆನಾನಿಕಲ್ ಕಂಪನಿ 2017ರಲ್ಲಿ ಕೈಬಿಟ್ಟ ಮೇಲೆ ಯುಬಿಪೋರ್ಟ್ಸ್ ಅನ್ನುವ ಸಮುದಾಯದವರು ಅದನ್ನು ನಡೆಸುತ್ತಿದ್ದಾರೆ. ಎಡ ಅಂಚಿನ ಪಟ್ಟಿ ಬಲು ಹಿಡಿಸಿತು. ವಾಟ್ಸಾಪ್ ಇಲ್ಲದೆ ಐದನೇ ದಿನಕ್ಕೆ ಮನೆಯವರೇ ಗೊಣಗಲು ಶುರು ಮಾಡಿದರು. ಆ ಸಾಲುಗಳನ್ನೂ ಬರೆದುಕೊಂಡೆ.

ಒಟ್ಟು ನೆನಪಿನಿಂದ ಹೇಳುವುದಾದರೆ, ಕೊನೆಯ ಎರಡು ವಾರಕ್ಕೆ ಸಾದಾ ಆಂಡ್ರಾಯ್ಡ್‌ಗೆ ನಲವತ್ತರ ಆಸುಪಾಸು, ಐಓಎಸ್‌ಗೆ ನಲವತ್ತೈದು, ಅಲಂಕಾರದ ಆಂಡ್ರಾಯ್ಡ್‌ಗೆ ಎಪ್ಪತ್ತು, ಲೀನಿಯೇಜ್‌ಗೆ ನೂರರ ಮೇಲೆ. ಮೊದಲೆರಡು ಬಹುತೇಕ ಸರಿಸಮ. ಆದರೆ ಆಂಡ್ರಾಯ್ಡ್‌ನಲ್ಲಿ ಬೇರೆಬೇರೆ ಸಣ್ಣ ಗೊಣಗು ಮೂವತ್ತು ಥರದವು, ಐಓಎಸ್‌ನಲ್ಲಿ ಅವೇ ಐದಾರು ಮತ್ತೆ ಮತ್ತೆ ಮರಳಿ ಬರುತ್ತವೆ. ಯಾವುದನ್ನು ಸಹಿಸುತ್ತೀರಿ ಅನ್ನುವುದರ ಮೇಲೆ ಫೋನ್ ಆರಿಸಬೇಕು. ನನಗೆ ಒಂದೇ ಮಾತು ದಿನಾ ಕೇಳುವುದು ಆಗುವುದಿಲ್ಲ, ಸಾದಾ ಆಂಡ್ರಾಯ್ಡ್‌ಗೆ ಮರಳಿದೆ. ಯಾವ ಗೊಣಗಿಗೆ ಎಷ್ಟು ಅಂಕ ಅನ್ನುವ ಲೆಕ್ಕ ಒಂದು ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಎರಡು ವರ್ಷದ ದುಡಿಮೆ ಅದು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯ ಹೋದ ತಿಂಗಳು ಬಂದ. ಫೋನ್ ಸಾಕಾಗಿದೆ, ಓಎಸ್ ಬದಲಿಸುತ್ತೇನೆ ಅಂದ. ಒಂದು ಖಾಲಿ ಪುಸ್ತಕ ಕೊಟ್ಟು, ಈಗಿರುವ ಫೋನಿನ ಗೊಣಗನ್ನೇ ಎರಡು ವಾರ ಬರಿ ಅಂದೆ. ಅದರ ಅಭ್ಯಾಸ ಹೇಗೂ ಇದೆಯಲ್ಲ, ಸ್ಟೇಪ್ಲರ್ ಬೇಕಾಗಲಿಲ್ಲ. ಹತ್ತೊಂಬತ್ತು ಸಾಲು ಬಂತು. ಅದರಲ್ಲಿ ಹದಿನಾಲ್ಕು, ಫೋನ್ ತಿರುಗಿಸಿದಾಗಲೆಲ್ಲ ಪರದೆ ಅಡ್ಡ ತಿರುಗುತ್ತದೆ ಅಂತ. ಆಟೋ ರೊಟೇಟ್ ಮುಚ್ಚಿಕೊಟ್ಟೆ. ಫೋನ್ ಬದಲಿಸಲಿಲ್ಲ. ಪುಸ್ತಕ ಇನ್ನೂ ವಾಪಸ್ ಕೊಟ್ಟಿಲ್ಲ.