ಇಂಟಾರ್ಸಿಯಾ ಹೆಣಿಗೆ: ಬಣ್ಣಕ್ಕಿಂತ ಮೊದಲು ಎಳೆಗಳನ್ನು ಎಣಿಸಿ

ಸ್ವೆಟರಿನ ಎದೆಯ ಮೇಲೆ ದೊಡ್ಡದೊಂದು ಹೃದಯವೋ ಹಕ್ಕಿಯೋ ಇದ್ದು, ಅದು ಮೇಲಿನಿಂದ ಹೊಲಿದದ್ದಾಗಿರದೆ ಹೆಣಿಗೆಯ ಭಾಗವೇ ಆಗಿದ್ದರೆ, ಅದನ್ನು ಬಹುಮಟ್ಟಿಗೆ ಇಂಟಾರ್ಸಿಯಾ ವಿಧಾನದಲ್ಲಿ ಹೆಣೆದಿರುತ್ತಾರೆ. ಈ ವಿಧಾನದಲ್ಲಿ ಪ್ರತಿಯೊಂದು ಬಣ್ಣದ ಪ್ರದೇಶಕ್ಕೂ ಬೇರೆಯದೇ ಎಳೆ ಇರುತ್ತದೆ. ಆ ಎಳೆ ತನ್ನ ಪ್ರದೇಶದ ಅಂಚಿನವರೆಗೆ ಬಂದು, ಪಕ್ಕದ ಬಣ್ಣದ ಎಳೆಯೊಂದಿಗೆ ಒಮ್ಮೆ ತೊಡರಿಕೊಂಡು, ಮುಂದಿನ ಸಾಲಿನಲ್ಲಿ ಅಲ್ಲಿಂದಲೇ ಹಿಂದಿರುಗುತ್ತದೆ. ಫೇರ್ ಐಲ್ ಮಾದರಿಯ ಹೆಣಿಗೆಯಲ್ಲಿ ಸಾಮಾನ್ಯವಾಗಿ ಎರಡು ಬಣ್ಣಗಳನ್ನು ಸಾಲಿನುದ್ದಕ್ಕೂ ಜೊತೆಯಾಗಿ ಒಯ್ದು, ಆ ಹೊತ್ತಿಗೆ ಬೇಡದ ಬಣ್ಣವನ್ನು ಹಿಂಬದಿಯಲ್ಲಿ ಹಾಯಿಸುತ್ತಾರೆ. ಆದ್ದರಿಂದ ಅಲ್ಲಿ ಬಟ್ಟೆ ದಪ್ಪವಾಗಿ, ಬೆಚ್ಚಗಾಗುತ್ತದೆ. ಇಂಟಾರ್ಸಿಯಾದಲ್ಲಿ ಹಿಂಬದಿಯಲ್ಲಿ ಹಾಯುವ ಎಳೆಗಳಿಲ್ಲದ ಕಾರಣ ಬಟ್ಟೆ ಒಂದೇ ಪದರವಾಗಿ ಉಳಿಯುತ್ತದೆ ಮತ್ತು ಚಿತ್ರ ಎಷ್ಟೇ ಅಗಲವಿದ್ದರೂ ತೊಂದರೆಯಾಗುವುದಿಲ್ಲ.

ಇದು ಕಷ್ಟದ ವಿದ್ಯೆ ಎಂಬ ಮಾತು ಹೆಣೆಯುವವರ ನಡುವೆ ಬಹಳ ಕೇಳಿಬರುತ್ತದೆ. ಕೈಚಳಕದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ ಚಲನೆ ಒಂದೇ ಒಂದು, ಅದು ಎರಡು ಎಳೆಗಳನ್ನು ತೊಡರಿಸುವುದು. ನಿಟ್, ಪರ್ಲ್ ಎಂಬ ಎರಡು ಮೂಲ ಹೆಣಿಗೆಗಳನ್ನೂ ಸಲೀಸಾಗಿ ಹೆಣೆಯಬಲ್ಲವರು ಅದನ್ನು ಒಂದು ಸಂಜೆಯಲ್ಲಿ ಕಲಿತುಬಿಡಬಹುದು. ಶ್ರಮವಿರುವುದು ಒಂದು ಸಾಲಿನಲ್ಲಿ ಏಕಕಾಲಕ್ಕೆ ಎಷ್ಟು ಎಳೆಗಳು ತೂಗಾಡುತ್ತವೆ ಎಂಬುದರಲ್ಲಿ. ಎರಡೇ ಬಣ್ಣದ ವಿನ್ಯಾಸವೊಂದಕ್ಕೆ ಹನ್ನೊಂದು ಎಳೆಗಳು ಬೇಕಾಗಬಹುದು, ಐದು ಬಣ್ಣದ ವಿನ್ಯಾಸವೊಂದು ಐದೇ ಎಳೆಗಳಲ್ಲಿ ಮುಗಿಯಬಹುದು. ಹಾಗಾಗಿ ವಿನ್ಯಾಸವನ್ನು ಆರಿಸುವಾಗ ಬಣ್ಣಗಳ ಸಂಖ್ಯೆಗಿಂತ ಎಳೆಗಳ ಸಂಖ್ಯೆಯನ್ನೇ ಮೊದಲು ನೋಡಬೇಕು.

ಎಣಿಸುವ ಬಗೆ ಹೀಗಿದೆ. ಚಾರ್ಟಿನ, ಅಂದರೆ ಒಂದೊಂದು ಮನೆಯೂ ಒಂದೊಂದು ಕುಣಿಕೆಯನ್ನು ಸೂಚಿಸುವ ವಿನ್ಯಾಸದ ನಕ್ಷೆಯ, ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾ ಹೋಗಿ, ಮೊದಲ ಬಣ್ಣಕ್ಕೆ ಒಂದು ಎಳೆಯೆಂದು ಆರಂಭಿಸಿ, ಬಣ್ಣ ಬದಲಾದಾಗಲೆಲ್ಲ ಒಂದೊಂದು ಎಳೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬಿಳಿ ಹಿನ್ನೆಲೆಯ ಮಧ್ಯದಲ್ಲಿ ಒಂದು ಕೆಂಪು ಹೃದಯವಿದೆಯೆಂದುಕೊಳ್ಳೋಣ. ಹೃದಯದ ಕೆಳಗಿನ ಚೂಪು ತುದಿಯಿಂದ ಹೆಣಿಗೆ ಆರಂಭವಾದಾಗ ಬಲಬದಿಯ ಬಿಳಿ, ನಡುವಿನ ಕೆಂಪು, ಎಡಬದಿಯ ಬಿಳಿ ಎಂದು ಮೂರು ಎಳೆಗಳು ಬೇಕು. ಒಂದೇ ಬಿಳಿ ಉಂಡೆಯಿಂದ ಎರಡೂ ಬದಿಯನ್ನು ಹೆಣೆಯಲು ಬರುವುದಿಲ್ಲ, ಏಕೆಂದರೆ ಆ ಎಳೆ ಕೆಂಪಿನ ಹಿಂದೆ ಹಾದುಹೋಗಬೇಕಾಗುತ್ತದೆ. ಮೇಲಕ್ಕೆ ಹೋದಂತೆ ಹೃದಯ ಎರಡು ಗುಮ್ಮಟಗಳಾಗಿ ಒಡೆಯುತ್ತದೆ, ಅವುಗಳ ನಡುವೆ ಬಿಳಿಯ ಕಣಿವೆ ಇಳಿಯುತ್ತದೆ. ಆ ಸಾಲಿನಿಂದ ಬಿಳಿ, ಕೆಂಪು, ಬಿಳಿ, ಕೆಂಪು, ಬಿಳಿ ಎಂದು ಐದು ಎಳೆಗಳಾಗುತ್ತವೆ. ಇಷ್ಟು ಸರಳವಾದ ಆಕೃತಿಯೂ ಹೀಗೆ ಮೂರರಿಂದ ಐದಕ್ಕೆ ಏರುತ್ತದೆ. ಚಾರ್ಟಿನಲ್ಲಿ ಅತಿ ಹೆಚ್ಚು ಎಳೆಗಳಿರುವ ಸಾಲನ್ನು ಹುಡುಕಿ ಆ ಸಂಖ್ಯೆಯನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಕೆಲಸಕ್ಕೆ ಅದು ಐದನ್ನು ಮೀರದಿರುವುದು ಒಳ್ಳೆಯದು.

ದಾರ, ಕಡ್ಡಿ, ಬಾಬಿನ್

ಕಲಿಯುವ ಹಂತದಲ್ಲಿ ಮಧ್ಯಮ ದಪ್ಪದ, ನಯವಾಗಿ ಹೊಸೆದ ಉಣ್ಣೆಯ ದಾರ ಮತ್ತು ಅದಕ್ಕೆ ಹೊಂದುವ 4.5 ಅಥವಾ 5 ಮಿ.ಮೀ. ಕಡ್ಡಿಗಳು ಅನುಕೂಲ. ಉಣ್ಣೆಯ ಮೇಲ್ಮೈ ಸ್ವಲ್ಪ ಒರಟಾಗಿರುವುದರಿಂದ ಅಕ್ಕಪಕ್ಕದ ಕುಣಿಕೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಬಣ್ಣ ಕೂಡುವಲ್ಲಿ ಉಳಿದ ಸಣ್ಣಪುಟ್ಟ ಸಡಿಲಿಕೆ ಒಗೆದ ಮೇಲೆ ತಾನಾಗಿ ಸರಿಹೋಗುತ್ತದೆ. ಹತ್ತಿ ಮತ್ತು ರೇಷ್ಮೆಯ ದಾರಗಳು ಜಾರುತ್ತವೆ, ಎಲ್ಲ ದೋಷವನ್ನೂ ಎತ್ತಿ ತೋರಿಸುತ್ತವೆ. ಅವನ್ನು ಕೈ ಪಳಗಿದ ಮೇಲೆ ಬಳಸಬಹುದು. ಎಲ್ಲ ಬಣ್ಣಗಳ ದಾರವೂ ಒಂದೇ ದಪ್ಪದ್ದಾಗಿರಬೇಕು. ಕೆಂಪು, ಕಡುನೀಲಿಯಂತಹ ಗಾಢ ಬಣ್ಣವನ್ನು ಬಿಳಿಯ ಪಕ್ಕದಲ್ಲಿ ಹೆಣೆಯುವ ಮೊದಲು ಅದರ ಒಂದು ತುಂಡನ್ನು ನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಈ ಕೆಲಸಕ್ಕೆ ಬೇಡ.

ಪ್ರತಿ ಪ್ರದೇಶಕ್ಕೂ ಇಡೀ ಉಂಡೆಯನ್ನು ಕಟ್ಟಿಕೊಂಡರೆ ನಾಲ್ಕು ಸಾಲಿನೊಳಗೆ ಎಲ್ಲವೂ ಗೋಜಲಾಗುತ್ತದೆ. ಅದಕ್ಕೆ ಬೇಕಾದಷ್ಟೇ ದಾರವನ್ನು ಕತ್ತರಿಸಿ ಪ್ಲಾಸ್ಟಿಕ್ ಬಾಬಿನ್‌ಗೆ ಸುತ್ತಿಕೊಳ್ಳುತ್ತಾರೆ. ಬಾಬಿನ್ ಇಲ್ಲದಿದ್ದರೆ ಹೆಬ್ಬೆರಳಿಗೂ ಕಿರುಬೆರಳಿಗೂ ಎಂಟರ ಆಕಾರದಲ್ಲಿ ದಾರವನ್ನು ಸುತ್ತಿ, ನಡುವನ್ನು ದಾರದ ಕೊನೆಯಿಂದ ಬಿಗಿದು, ಸುತ್ತಲು ಆರಂಭಿಸಿದ ತುದಿಯನ್ನು ಒಳಗಿನಿಂದ ಎಳೆದುಕೊಳ್ಳುತ್ತಾ ಹೆಣೆಯಬಹುದು. ಒಂದು ಮೀಟರಿಗಿಂತ ಕಡಿಮೆ ಸಾಕಾಗುವಲ್ಲಿ ಎಳೆಯನ್ನು ಸುಮ್ಮನೆ ಇಳಿಬಿಡುವುದೇ ಮೇಲು. ಗೋಜಲಾದರೆ ಅದನ್ನು ಹಿಡಿದು ಎಳೆದರೆ ಸಾಕು, ಹೊರಗೆ ಬಂದುಬಿಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1937ರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಕ್ಯಾಫ್ ಫ್ಯಾಸೆಟ್, ಹತ್ತಾರು ಬಣ್ಣಗಳನ್ನು ಬಳಸುವ ವಿನ್ಯಾಸಗಳಿಗೆ ಹೆಸರಾದವರು. ಅವರು ಒಲಿದದ್ದೂ ಬಾಬಿನ್‌ಗಳಿಗಲ್ಲ, ಹೀಗೆ ಇಳಿಬಿಟ್ಟ ಗಿಡ್ಡ ಎಳೆಗಳಿಗೆ.

ಎಷ್ಟು ಉದ್ದ ಕತ್ತರಿಸಬೇಕು ಎಂಬುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ದಾರವನ್ನು ಕಡ್ಡಿಗೆ ಬಿಗಿಯದೆ ಹತ್ತು ಸುತ್ತು ಸುತ್ತಿ, ಬಿಚ್ಚಿ, ಅಳೆಯಿರಿ. ಒಂದು ಸುತ್ತು ಹೆಚ್ಚುಕಡಿಮೆ ಒಂದು ಕುಣಿಕೆಗೆ ಸಮ. ಹತ್ತು ಸುತ್ತಿಗೆ 18 ಸೆಂ.ಮೀ. ಬಂದರೆ, 200 ಕುಣಿಕೆಗಳ ಪ್ರದೇಶಕ್ಕೆ 360 ಸೆಂ.ಮೀ. ಬೇಕು. ಎರಡು ಕೊನೆಗಳಲ್ಲಿ ತಲಾ 15 ಸೆಂ.ಮೀ. ಬಾಲ ಉಳಿಯಬೇಕಾದ್ದರಿಂದ ಸುಮಾರು 4 ಮೀಟರ್ ಕತ್ತರಿಸಿಕೊಂಡರೆ ಸರಿಹೋಗುತ್ತದೆ.

ಮೊದಲ ತುಣುಕು

ಅಭ್ಯಾಸಕ್ಕೆ ಒಂದು ಬಣ್ಣದಲ್ಲಿ 15 ಕುಣಿಕೆ, ಅದರ ಮುಂದೆ ಇನ್ನೊಂದು ಬಣ್ಣದಲ್ಲಿ 15 ಕುಣಿಕೆಗಳನ್ನು ಒಂದೇ ಕಡ್ಡಿಗೆ ಹಾಕಿಕೊಳ್ಳಿ. ವಿವರಣೆಗೆ ಸುಲಭವಾಗಲೆಂದು ಕೈಯಲ್ಲಿ ಈಗಷ್ಟೇ ಹೆಣೆದ ಎಳೆಯನ್ನು ಹಳೆಯ ಎಳೆ ಎಂದೂ, ಮುಂದೆ ಹೆಣೆಯಬೇಕಾದದ್ದನ್ನು ಹೊಸ ಎಳೆ ಎಂದೂ ಕರೆಯೋಣ. ನಿಟ್ ಸಾಲಿನಲ್ಲಿ ಬಣ್ಣ ಬದಲಾಗುವ ಜಾಗಕ್ಕೆ ಬಂದಾಗ ಹಳೆಯ ಎಳೆಯನ್ನು ಹಿಂಬದಿಯಲ್ಲಿ ಎಡಕ್ಕೆ ಹಾಯಿಸಿ ಹಿಡಿಯಿರಿ, ಹೊಸ ಎಳೆಯನ್ನು ಅದರ ಅಡಿಯಿಂದ ಮೇಲೆತ್ತಿಕೊಂಡು ಮುಂದಿನ ಕುಣಿಕೆಯನ್ನು ಹೆಣೆಯಿರಿ. ಹಳೆಯದನ್ನು ಕೈಬಿಟ್ಟಾಗ ಅದು ಹೊಸ ಎಳೆಯ ಮೇಲೆ ಒರಗಿಕೊಂಡಿರುತ್ತದೆ. ಪರ್ಲ್ ಸಾಲಿನಲ್ಲಿಯೂ ಮಾಡಬೇಕಾದದ್ದು ಇದನ್ನೇ. ವ್ಯತ್ಯಾಸವೆಂದರೆ ಆಗ ಎಳೆಗಳು ನಿಮ್ಮ ಎದುರಿಗೇ ಇರುತ್ತವೆ, ಹಳೆಯದನ್ನು ಎಡಕ್ಕೆ ಸರಿಸಿ ಹೊಸದನ್ನು ಅದರ ಅಡಿಯಿಂದ ಎತ್ತಿಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಈ ತೊಡರು ತಪ್ಪಿದರೆ ಎರಡು ಬಣ್ಣಗಳು ಎರಡು ಬೇರೆ ಪಟ್ಟಿಗಳಾಗಿ ಬೆಳೆದು ನಡುವೆ ಸೀಳು ಉಳಿಯುತ್ತದೆ.

ತೊಡರಿಸಿದ ಕೂಡಲೇ ಎಳೆಯನ್ನು ಬಲವಾಗಿ ಜಗ್ಗುವುದು ಹೊಸಬರ ಸಹಜ ಪ್ರವೃತ್ತಿ. ಅದರಿಂದ ಅಂಚಿನ ಕುಣಿಕೆ ಚಿಕ್ಕದಾಗಿ ಬಟ್ಟೆ ಸುಕ್ಕುಗಟ್ಟುತ್ತದೆ. ಹೊಸ ಬಣ್ಣದಲ್ಲಿ ಎರಡು ಕುಣಿಕೆಗಳನ್ನು ಹೆಣೆದ ಮೇಲೆ ಮೊದಲನೆಯದನ್ನು ಮೆಲ್ಲಗೆ ಎಳೆದು, ಪಕ್ಕದ ಕುಣಿಕೆಗಳ ಗಾತ್ರಕ್ಕೆ ತಂದರೆ ಸಾಕು. ಸುಮಾರು ಇಪ್ಪತ್ತು ಸಾಲು ಹೆಣೆದು ತುಣುಕನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಎರಡು ಬಣ್ಣಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡ ನೇರ ಗೆರೆಯೊಂದು ಕಾಣಬೇಕು, ಮುಂಬದಿಯಲ್ಲಿ ಇನ್ನೊಂದು ಬಣ್ಣದ ಚುಕ್ಕೆಗಳು ಇಣುಕಬಾರದು.

ನೇರ ಗೆರೆ ಹಿಡಿತಕ್ಕೆ ಬಂದ ಮೇಲೆ ಗಡಿಯನ್ನು ಪ್ರತಿ ಸಾಲಿನಲ್ಲೂ ಒಂದೊಂದು ಕುಣಿಕೆ ಸರಿಸುತ್ತಾ ಓರೆಗೆರೆಯನ್ನು ಅಭ್ಯಾಸ ಮಾಡಿ. ಇಲ್ಲಿ ಕೆಲವು ಸಾಲುಗಳಲ್ಲಿ ಎಳೆಗಳು ತಾವಾಗಿಯೇ ಒಂದನ್ನೊಂದು ಹಾದುಹೋಗಿರುತ್ತವೆ. ಅಂಥ ಕಡೆ ಮತ್ತೆ ತೊಡರಿಸಿದರೆ ಗಡಿಯುದ್ದಕ್ಕೂ ಉಬ್ಬು ಏಳುತ್ತದೆ. ಸೀಳಿನ ಸಾಧ್ಯತೆ ಕಂಡಲ್ಲಿ ತೊಡರಿಸಿ, ಉಳಿದೆಡೆ ಬಿಡಿ. ಆಕೃತಿ ಒಮ್ಮೆಗೇ ಮೂರು ನಾಲ್ಕು ಕುಣಿಕೆಗಳಷ್ಟು ಅಗಲವಾದಾಗ, ಹೊಸ ಎಳೆ ಬೇಕಾದ ಜಾಗದಿಂದ ದೂರದಲ್ಲಿ ತೂಗುತ್ತಿರುತ್ತದೆ. ಅದನ್ನು ಹಿಂಬದಿಯಲ್ಲಿ ಸಡಿಲವಾಗಿ ತಂದು ಹೆಣೆಯುವುದು ತಪ್ಪಲ್ಲ, ಆದರೆ ಆ ಅಡ್ಡ ಎಳೆಯನ್ನು ನಡುವೆ ಒಮ್ಮೆ ಸಿಕ್ಕಿಸಿಕೊಳ್ಳಬೇಕು. ಎರಡು ಮೂರು ಕುಣಿಕೆಗಳಷ್ಟೇ ಅಗಲವಿರುವ ಅಂತರಕ್ಕೆ ಹೊಸ ಬಾಬಿನ್ ಸೇರಿಸುವುದಕ್ಕಿಂತ ಹಿನ್ನೆಲೆಯ ಎಳೆಯನ್ನೇ ಹಿಂದಿನಿಂದ ಹಾಯಿಸುವುದು ಜಾಣತನ. ಕಣ್ಣಿನ ಚುಕ್ಕೆಯಂತಹ ಒಂಟಿ ಕುಣಿಕೆಗಳನ್ನಂತೂ ಹೆಣೆಯುವಾಗ ಕೈಬಿಟ್ಟು, ಕೊನೆಯಲ್ಲಿ ದಪ್ಪ ಸೂಜಿಯಿಂದ ಕುಣಿಕೆಯ ಜಾಡನ್ನೇ ಅನುಸರಿಸಿ ಮೇಲೆ ಕಸೂತಿ ಮಾಡಬಹುದು. ಹೆಣೆದದ್ದಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹೆಣಿಗೆಯನ್ನು ಒಂದು ಸಾಲಿನ ಕೊನೆಯಲ್ಲಿ ಬಲಕ್ಕೆ ತಿರುಗಿಸಿದರೆ ಮುಂದಿನ ಸಾಲಿನ ಕೊನೆಯಲ್ಲಿ ಎಡಕ್ಕೆ ತಿರುಗಿಸಿ. ಸದಾ ಒಂದೇ ಕಡೆಗೆ ತಿರುಗಿಸಿದರೆ ಎಳೆಗಳೆಲ್ಲ ಹಗ್ಗದಂತೆ ಹೊಸೆದುಕೊಳ್ಳುತ್ತವೆ.

ಬಾಲಗಳ ವಿಷಯವನ್ನು ಮಾರ್ಗದರ್ಶಿಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದುಂಟು, ಆದರೆ ಕೆಲಸದ ದೊಡ್ಡ ಪಾಲು ಅಲ್ಲಿಯೇ ಇದೆ. ಪ್ರತಿ ಪ್ರದೇಶಕ್ಕೆ ಎರಡು ಬಾಲಗಳೆಂದರೆ ಇಪ್ಪತ್ತು ಪ್ರದೇಶಗಳ ಚಿತ್ರಕ್ಕೆ ನಲವತ್ತು. ಅವನ್ನು ಕೊನೆಗೆಂದು ಉಳಿಸಿಕೊಂಡವರು ಸ್ವೆಟರನ್ನೇ ಕಪಾಟಿನಲ್ಲಿ ಉಳಿಸಿಕೊಳ್ಳುತ್ತಾರೆ. ಹತ್ತು ಹದಿನೈದು ಸಾಲಿಗೊಮ್ಮೆ ನಿಂತು ಸೂಜಿಯಿಂದ ಹಿಂಬದಿಯಲ್ಲಿ ನೇಯ್ದುಬಿಡಿ. ಪ್ರತಿ ಬಾಲವೂ ತನ್ನದೇ ಬಣ್ಣದ ಪ್ರದೇಶದೊಳಗೆ, ಗಡಿಯ ಗೆರೆಗುಂಟ ಐದಾರು ಸೆಂ.ಮೀ. ಹೋಗಬೇಕು, ಬಳಿಕ ಸ್ವಲ್ಪ ಹಿಂದಿರುಗಬೇಕು. ಹೊಸ ಎಳೆ ಸೇರಿಸಿದ ಜಾಗದಲ್ಲಿ ರಂಧ್ರವಿದ್ದರೆ ಬಾಲವನ್ನು ಮೊದಲು ರಂಧ್ರದ ಆಚೆ ಬದಿಗೆ ಎಳೆದು ಅದನ್ನು ಮುಚ್ಚಿಕೊಳ್ಳಿ. ಗಂಟು ಹಾಕುವುದು ಬೇಡ. ಅದು ಒಂದಲ್ಲ ಒಂದು ದಿನ ಮುಂಬದಿಗೆ ತೂರಿಬರುತ್ತದೆ.

ಚಾರ್ಟ್ ಓದುವುದು

ಚಾರ್ಟನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಬದಿಯ ನಿಟ್ ಸಾಲುಗಳನ್ನು ಬಲದಿಂದ ಎಡಕ್ಕೂ, ಹಿಂಬದಿಯ ಪರ್ಲ್ ಸಾಲುಗಳನ್ನು ಎಡದಿಂದ ಬಲಕ್ಕೂ ಓದುತ್ತಾರೆ. ಸಾಲು ತಪ್ಪದಂತೆ ಪಟ್ಟಿಯೊಂದನ್ನು ಇಡುವವರು ಅದನ್ನು ಹೆಣೆಯುತ್ತಿರುವ ಸಾಲಿನ ಮೇಲ್ಭಾಗಕ್ಕೆ ಇಡಬೇಕು. ಆಗ ಮುಗಿದ ಸಾಲುಗಳು ಕಾಣುತ್ತಿರುತ್ತವೆ, ಕಡ್ಡಿಯ ಕೆಳಗಿರುವ ಬಟ್ಟೆಯೊಂದಿಗೆ ಅವನ್ನು ಹೋಲಿಸಿಕೊಳ್ಳುತ್ತಾ ಹೋಗಬಹುದು. ತಪ್ಪು ಬೇಗ ಕಣ್ಣಿಗೆ ಬಿದ್ದಷ್ಟೂ ಲಾಭ, ಏಕೆಂದರೆ ಐದಾರು ಎಳೆಗಳಿರುವ ಹೆಣಿಗೆಯನ್ನು ಕಡ್ಡಿಯಿಂದ ತೆಗೆದು ಸರ್ರನೆ ಬಿಚ್ಚಲು ಆಗುವುದಿಲ್ಲ, ಕುಣಿಕೆ ಕುಣಿಕೆಯಾಗಿ ಹಿಂದಕ್ಕೆ ಬರಬೇಕು.

ಯಾವುದನ್ನು ಹೆಣೆಯಬೇಕು

ಮೊದಲ ಕೆಲಸಕ್ಕೆ ಮಫ್ಲರ್ ಸುಲಭವೆಂಬ ಸಲಹೆ ಸಾಮಾನ್ಯ, ಇಂಟಾರ್ಸಿಯಾದ ಮಟ್ಟಿಗೆ ಅದು ಒಳ್ಳೆಯ ಸಲಹೆಯಲ್ಲ. ಮಫ್ಲರಿನ ಎರಡೂ ಬದಿ ಕಾಣುತ್ತದೆ, ಹಿಂಬದಿಯ ತೊಡರು ಮತ್ತು ಬಾಲಗಳನ್ನು ಬಚ್ಚಿಡಲು ಜಾಗವಿಲ್ಲ. ಅದಕ್ಕಿಂತ ಕುಶನ್ ಕವರ್ ಎಷ್ಟೋ ಮೇಲು: ಅದು ಚಪ್ಪಟೆ, ಅದಕ್ಕೆ ಅಳತೆಯ ಚಿಂತೆಯಿಲ್ಲ, ಹಿಂಬದಿ ಒಳಗೆ ಮುಚ್ಚಿಹೋಗುತ್ತದೆ. 10 ಸೆಂ.ಮೀ.ಗೆ 18 ಕುಣಿಕೆ ಮತ್ತು 24 ಸಾಲು ಬರುವ ದಾರದಲ್ಲಿ 40 ಸೆಂ.ಮೀ. ಚೌಕಕ್ಕೆ 72 ಕುಣಿಕೆ, 96 ಸಾಲು ಬೇಕು. ಹೊಲಿಗೆಗೆಂದು ಎರಡು ಬದಿಗೂ ಒಂದೊಂದು ಕುಣಿಕೆ ಸೇರಿಸಿಕೊಳ್ಳಿ. ಅಸ್ತರಿ ಹಾಕಿದ ಕೈಚೀಲಕ್ಕೂ ಇದೇ ಅನುಕೂಲವಿದೆ. ಎಳೆಮಗುವಿನ ಹೊದಿಕೆಯನ್ನು ಹೆಣೆಯುವುದಾದರೆ ಹಿಂದಕ್ಕೆ ಅಸ್ತರಿ ಹಾಕಲೇಬೇಕು, ಸಡಿಲ ಎಳೆಗಳಿಗೆ ಮಗುವಿನ ಬೆರಳು ಸಿಕ್ಕಿಕೊಳ್ಳಬಾರದು.

ಮುಂದಿನ ಹೆಜ್ಜೆಯಾಗಿ ಮಕ್ಕಳ ಸ್ವೆಟರನ್ನು ಎತ್ತಿಕೊಳ್ಳಬಹುದು: ಬೆನ್ನು, ತೋಳುಗಳು ಒಂದೇ ಬಣ್ಣ, ಎದೆಯ ಮೇಲೆ ಮಾತ್ರ ಒಂದು ಆಕೃತಿ. ಆರ್ಗೈಲ್ ವಜ್ರಗಳು, ಅಂದರೆ ವಜ್ರಾಕಾರದ ಓರೆ ಚೌಕಗಳನ್ನು ಸಾಲಾಗಿ ಜೋಡಿಸಿದ ವಿನ್ಯಾಸ, ಅದರ ನಂತರದ್ದು. ಅವು ಅಂದವಾಗಿ ಕಂಡರೂ ಪ್ರತಿ ವಜ್ರಕ್ಕೂ ಒಂದು ಎಳೆಯನ್ನು ಬೇಡುತ್ತವೆ. ವಜ್ರಗಳ ಮೇಲೆ ಹಾಯುವ ತೆಳು ಓರೆಗೆರೆಗಳನ್ನು ಆಮೇಲೆ ಸೂಜಿಯಿಂದ ಹಾಕಿಕೊಂಡರೆ ಎಳೆಗಳ ಸಂಖ್ಯೆ ಬಹಳ ಇಳಿಯುತ್ತದೆ. ಟೋಪಿ, ಕಾಲುಚೀಲಗಳಂತೆ ಸುತ್ತಾಗಿ ಹೆಣೆಯುವ ಉಡುಪುಗಳು ಈ ವಿಧಾನಕ್ಕೆ ಒಗ್ಗುವುದಿಲ್ಲ. ಒಂದು ಸುತ್ತು ಮುಗಿಸಿ ಬಂದಾಗ ಎಳೆ ತನ್ನ ಪ್ರದೇಶದ ಆರಂಭದಲ್ಲಿರುವ ಬದಲು ಕೊನೆಯಲ್ಲಿ ಉಳಿದಿರುತ್ತದೆ. ಆರ್ಗೈಲ್ ಕಾಲುಚೀಲಗಳ ಕಣಕಾಲಿನ ಭಾಗವನ್ನು ಸಾಂಪ್ರದಾಯಿಕವಾಗಿ ಎರಡು ಕಡ್ಡಿಗಳಲ್ಲಿ ಚಪ್ಪಟೆಯಾಗಿ ಹೆಣೆದು ಹಿಂದೆ ಹೊಲಿಯುವುದು ಇದೇ ಕಾರಣಕ್ಕೆ.

ವಿನ್ಯಾಸಗಳನ್ನು ಹುಡುಕಲು 2007ರಲ್ಲಿ ಆರಂಭವಾದ ರಾವೆಲ್ರಿ ಜಾಲತಾಣ ಅನುಕೂಲಕರ. ಅಲ್ಲಿ ಇಂಟಾರ್ಸಿಯಾ, ಉಚಿತ, ದಾರದ ದಪ್ಪ ಎಂಬ ಫಿಲ್ಟರ್‌ಗಳನ್ನು ಒಟ್ಟಿಗೆ ಹಾಕಿ ಹುಡುಕಬಹುದು, ಇತರರು ಹೆಣೆದು ಮುಗಿಸಿದ ಚಿತ್ರಗಳನ್ನೂ ನೋಡಬಹುದು. ವಿನ್ಯಾಸಕಾರರ ಚಿತ್ರಕ್ಕಿಂತ ಈ ಎರಡನೆಯ ಬಗೆಯ ಚಿತ್ರಗಳನ್ನೇ ನಂಬಬೇಕು. ಯಾರಾದರೂ ಹಿಂಬದಿಯನ್ನು ತೋರಿಸಿದ್ದರೆ ಎಳೆಗಳ ಲೆಕ್ಕ ಅಲ್ಲಿಯೇ ಸಿಗುತ್ತದೆ. 2002ರಿಂದ ಬರುತ್ತಿರುವ ನಿಟ್ಟಿ ಎಂಬ ಉಚಿತ ಅಂತರ್ಜಾಲ ಪತ್ರಿಕೆಯ ಹಳೆಯ ಸಂಚಿಕೆಗಳೂ ತೆರೆದೇ ಇವೆ. ಚಿತ್ರಗಳುಳ್ಳ ಸ್ವೆಟರುಗಳು 1980ರ ದಶಕದಲ್ಲಿ ಬಹು ಜನಪ್ರಿಯವಾಗಿದ್ದುದರಿಂದ ಆ ಕಾಲದ ಹೆಣಿಗೆ ಪುಸ್ತಕಗಳು ಗ್ರಂಥಾಲಯದಲ್ಲಿಯೋ ಹಳೆಯ ಪುಸ್ತಕದಂಗಡಿಯಲ್ಲಿಯೋ ಸಿಕ್ಕರೆ ಬಿಡಬಾರದು. ಉಡುಪಿನ ಆಕಾರ ಹಳತೆನಿಸಿದರೂ ಚಾರ್ಟುಗಳು ಉಪಯೋಗಕ್ಕೆ ಬರುತ್ತವೆ.

ಕ್ರಾಸ್ ಸ್ಟಿಚ್ ಕಸೂತಿಯ ಚಾರ್ಟುಗಳನ್ನು ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲಿನ ಮನೆಗಳು ಚೌಕ, ಹೆಣಿಗೆಯ ಕುಣಿಕೆಯಾದರೋ ಎತ್ತರಕ್ಕಿಂತ ಅಗಲ ಹೆಚ್ಚು. ಮೇಲೆ ಹೇಳಿದ ಅಳತೆಯಲ್ಲಿ 36 ಕುಣಿಕೆ ಅಗಲ, 36 ಸಾಲು ಎತ್ತರದ ವೃತ್ತವನ್ನು ಹೆಣೆದರೆ ಅದು 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಮೊಟ್ಟೆಯಾಗುತ್ತದೆ, ದುಂಡಗಾಗಬೇಕಾದರೆ 48 ಸಾಲು ಬೇಕು. ಆದ್ದರಿಂದ ನಿಮ್ಮದೇ ಚಿತ್ರವನ್ನು ಬಿಡಿಸುವಾಗ ಮೊದಲು ಅದೇ ದಾರ, ಅದೇ ಕಡ್ಡಿಯಿಂದ ತುಣುಕೊಂದನ್ನು ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಬಂದ ಕುಣಿಕೆ ಮತ್ತು ಸಾಲುಗಳ ಅನುಪಾತದಲ್ಲಿ ಅಡ್ಡಗಲದ ಮನೆಗಳಿರುವ ಕಾಗದವನ್ನು ಗೆರೆ ಎಳೆದು ತಯಾರಿಸಿಕೊಂಡು, ಚಿತ್ರವನ್ನು ಅದರ ಮೇಲೆ ಬಿಡಿಸಿ. ಬಳಿಕ ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಎಳೆಗಳನ್ನು ಎಣಿಸುತ್ತಾ ಹೋಗಿ, ಒಂಟಿ ಮನೆಗಳನ್ನೂ ಎರಡು ಮನೆಗಳ ಸಂದುಗಳನ್ನೂ ಅಳಿಸಿ, ಪಕ್ಕದ ಬಣ್ಣಕ್ಕೆ ಸೇರಿಸಿಬಿಡಿ.