ಹುಲ್ಲಿನ ಬುಡದಲ್ಲಿ ವೋಲ್ ಇದೆಯೇ? ಪತ್ತೆ ಮಾಡುವುದು ಹೇಗೆ

ಬ್ರಿಟನ್ನಿನಲ್ಲಿ ಫೀಲ್ಡ್ ವೋಲ್ ಎಂಬ ಗಿಡ್ಡಬಾಲದ ದಂಶಕ ಕೋಟಿಗಳ ಲೆಕ್ಕದಲ್ಲಿದ್ದರೂ ಅದನ್ನು ಕಣ್ಣಾರೆ ಕಂಡವರು ಕಡಿಮೆ. 20ರಿಂದ 40 ಗ್ರಾಂ ತೂಕದ, ಮೊಂಡು ಮೂತಿಯ, ಕಿವಿಗಳು ರೋಮದೊಳಗೆ ಹುದುಗಿರುವ ಈ ಪ್ರಾಣಿ ಹಗಲೂ ರಾತ್ರಿಯೂ ಓಡಾಡುತ್ತದೆಯಾದರೂ ಹುಲ್ಲಿನ ಮರೆ ಬಿಟ್ಟು ಹೊರಬರುವುದು ಅಪರೂಪ. ಆದ್ದರಿಂದ ಪ್ರಾಣಿಯನ್ನು ಹುಡುಕದೆ ಅದು ತಿಂದುಬಿಟ್ಟ ಹುಲ್ಲನ್ನು ಹುಡುಕಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಮೀಕ್ಷೆಗೆ ಬರುವ ಹೊಸಬರು, ಅದರಲ್ಲೂ ನಮ್ಮ ಕಡೆಯ ಗದ್ದೆಬದುಗಳಲ್ಲಿ ಹೆಗ್ಗಣದ ಬಿಲ ನೋಡಿ ಬೆಳೆದವರು, ಇಲ್ಲಿಯೂ ಬಿಲಗಳನ್ನೇ ಎಣಿಸುತ್ತಾ ಹೋಗುತ್ತಾರೆ. ಕರ್ನಾಟಕದಲ್ಲಿ ವೋಲ್‌ಗಳೇ ಇಲ್ಲ; ಭಾರತದಲ್ಲಿ ಅವುಗಳ ಬಂಧುಗಳಿರುವುದು ಹಿಮಾಲಯದ ಸೀಮೆಯಲ್ಲಿ. ಫೀಲ್ಡ್ ವೋಲ್ ನೆಲದಡಿ ಬಿಲ ತೋಡುವುದುಂಟಾದರೂ, ಅದರ ಬದುಕಿನ ಬಹುಪಾಲು ನಡೆಯುವುದು ನೆಲದ ಮೇಲೆ, ಒಣಹುಲ್ಲಿನ ಹೊದಿಕೆಯ ಕೆಳಗೆ.

ಮೊದಲು ಜಾಗ. ದನಕುರಿಗಳು ಮೇಯದ, ಯಂತ್ರ ಹಾಯದ, ಹುಲ್ಲು ಗುಂಪುಗುಂಪಾಗಿ ಬೆಳೆದು ಹಳೆಯ ಗರಿಗಳು ನೆಲಕ್ಕೆ ಒರಗಿರುವ ತಾಣ ಬೇಕು. ರಸ್ತೆಯಂಚಿನ ಪಟ್ಟಿಯೂ ಎಳೆಯ ನೆಡುತೋಪೂ ಆಗಬಹುದು. ಐರ್ಲೆಂಡಿನಲ್ಲಿ ಹುಡುಕುವುದು ವ್ಯರ್ಥ, ಅಲ್ಲಿ ಫೀಲ್ಡ್ ವೋಲ್ ಇಲ್ಲ. ಆರ್ಕ್ನಿ ದ್ವೀಪಗಳಲ್ಲಿ ಸಿಗುವುದು ಬೇರೆಯೇ ಪ್ರಭೇದ.

ಜಮೀನಿನ ಒಡೆಯರ ಅನುಮತಿ ಪಡೆಯಿರಿ, ಉಣ್ಣಿಗಳಿರುವುದರಿಂದ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿರಿ, ತೆಳುವಾದ ಕೈಗವಸು ಹಾಕಿಕೊಳ್ಳಿರಿ.

ಇನ್ನು ಎಲ್ಲರೂ ಎಡವುವ ಹಂತ. ನಿಂತುಕೊಂಡು ಬೂಟಿನ ತುದಿಯಿಂದ ಹುಲ್ಲನ್ನು ಸರಿಸುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರಿಗೆ ಏನೂ ಕಾಣುವುದಿಲ್ಲ, ಕಾಣಬೇಕಾದದ್ದು ಬೂಟಿನಡಿಯಲ್ಲಿ ಅಪ್ಪಚ್ಚಿಯಾಗಿರುತ್ತದೆ. ಮೊಣಕಾಲೂರಿ ಕೂರಬೇಕು. ತಲೆಯ ಬೈತಲೆ ತೆಗೆಯುವಂತೆ ಎರಡೂ ಕೈಗಳಿಂದ ಹುಲ್ಲನ್ನು ಮೆಲ್ಲಗೆ ಇಬ್ಭಾಗಿಸುತ್ತಾ ನೆಲ ಕಾಣುವವರೆಗೆ ಇಳಿಯಬೇಕು. ವೋಲ್ ಇದ್ದಲ್ಲಿ ಹುಲ್ಲುಗುಂಪಿನ ಬುಡವನ್ನು ಬಳಸಿ ಸಾಗುವ, ಹೆಚ್ಚೆಂದರೆ ಎರಡು ಮೂರು ಬೆರಳಗಲದ ನುಣುಪಾದ ಓಡುದಾರಿ ಕಾಣುತ್ತದೆ. ಆದರೆ ಓಡುದಾರಿಯೊಂದೇ ಸಾಕ್ಷಿಯಾಗದು, ಏಕೆಂದರೆ ವೋಲ್ ಬಿಟ್ಟುಹೋದ ಹಾದಿ ಬಹುಕಾಲ ಹಾಗೆಯೇ ಉಳಿಯುತ್ತದೆ. ಸುಂಡಿಲಿಗಳೂ (ಶ್ರೂ ಎಂಬ ಚೂಪುಮೂತಿಯ ಪುಟ್ಟ ಪ್ರಾಣಿಗಳು) ಅದರಲ್ಲಿ ಓಡಾಡುತ್ತವೆ. ಆ ದಾರಿಯ ಮಗ್ಗುಲಲ್ಲಿ ಕತ್ತರಿಸಿಟ್ಟ ಹುಲ್ಲಿನ ತುಣುಕುಗಳ ಪುಟ್ಟ ರಾಶಿ ಇದೆಯೇ ನೋಡಿರಿ. ತುಣುಕೊಂದನ್ನು ಅಂಗೈಯಲ್ಲಿಟ್ಟು ತುದಿಯನ್ನು ಗಮನಿಸಿದರೆ, ಬಾಚಿಹಲ್ಲಿನಿಂದ ಓರೆಯಾಗಿ ಕತ್ತರಿಸಿದ ಗುರುತು ಚೊಕ್ಕವಾಗಿ ತೋರುತ್ತದೆ. ಗೊಂಡೆಹುಳು ಕೆರೆದ ಹುಲ್ಲಿನ ಅಂಚು ಹೀಗೆ ನೇರವಾಗಿರದೆ ಹರಕುಹರಕಾಗಿರುತ್ತದೆ. ಬಣ್ಣ ಹಸಿರಾಗಿದ್ದರೆ ಮಾತ್ರ ಅದನ್ನು ಹೊಸ ಗುರುತೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಣಗಿ ಕಂದಾದ ತುಣುಕುಗಳನ್ನು ಸೇರಿಸಿ ಎಣಿಸಿ, ಪ್ರಾಣಿಯೇ ಇಲ್ಲದ ಗದ್ದೆಯಲ್ಲಿ ವೋಲ್ ತುಂಬಿ ತುಳುಕುತ್ತಿದೆ ಎಂದು ವರದಿ ಬರೆದವರುಂಟು.

ಹಿಕ್ಕೆಯೂ ಹೀಗೆಯೇ. ಅಕ್ಕಿಕಾಳಿನ ಗಾತ್ರದ, ಎರಡೂ ತುದಿ ದುಂಡಗಿರುವ ಹಿಕ್ಕೆಗಳು ಓಡುದಾರಿಯ ಒಂದೆಡೆ ಗುಡ್ಡೆಬಿದ್ದಿರುತ್ತವೆ. ಹೊಸತಾದರೆ ಹಸಿರುಛಾಯೆ ಇರುತ್ತದೆ. ಗೋಲಿಯಂತೆ ಉರುಟಾಗಿದ್ದರೆ ಅದು ಮೊಲದ್ದು.

ಗುರುತು ತಿಳಿದ ಮೇಲೆ ಎಣಿಕೆ ಸುಲಭ. ಉತ್ತರ ಇಂಗ್ಲೆಂಡಿನ ಕೀಲ್ಡರ್ ಅರಣ್ಯದ ದೀರ್ಘಕಾಲದ ಅಧ್ಯಯನಗಳಲ್ಲಿ ಬಳಸಿದಂತೆ, 25 ಸೆಂಟಿಮೀಟರ್ ಬದಿಯ ಚೌಕಟ್ಟನ್ನು ತಾಣದ 25 ಕಡೆ ಇಟ್ಟು, ಎಷ್ಟರಲ್ಲಿ ಹಸಿರು ತುಣುಕುಗಳಿವೆ ಎಂದು ಬರೆದುಕೊಂಡರೆ ಸಾಕು. ಚೌಕಟ್ಟನ್ನು ದಪ್ಪ ತಂತಿ ಬಗ್ಗಿಸಿ ನೀವೇ ಮಾಡಿಕೊಳ್ಳಿರಿ; ಅಂಗಡಿಯ ಮಡಚುವ ಪ್ಲಾಸ್ಟಿಕ್ ಚೌಕಟ್ಟುಗಳು ಹುಲ್ಲಿಗೆ ಸಿಕ್ಕಿ ಕೀಲು ಮುರಿಯುತ್ತವೆ. ಚೌಕಟ್ಟು ಎಲ್ಲಿ ಬೀಳಬೇಕೆಂಬುದನ್ನು ಕಣ್ಣು ತೀರ್ಮಾನಿಸಬಾರದು. ಇಂತಿಷ್ಟು ಹೆಜ್ಜೆಗೊಮ್ಮೆ ಎಂದು ಮೊದಲೇ ನಿಶ್ಚಯಿಸದಿದ್ದರೆ ಕೈ ತಾನಾಗಿ ಸೊಂಪಾದ ಹುಲ್ಲಿನತ್ತ ಹೋಗುತ್ತದೆ.

ಬೋನಿಟ್ಟು ಹಿಡಿಯುವ ಅಡ್ಡದಾರಿ ಬೇಡ. ಬೋನಿಗೆ ಸುಂಡಿಲಿಯೂ ಬೀಳುತ್ತದೆ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಪರವಾನಗಿಯಿಲ್ಲದೆ ಬೋನಿನಲ್ಲಿ ಹಿಡಿಯುವಂತಿಲ್ಲ. ಅದರ ಬದಲು ಹತ್ತಿರದ ಹಳೆಯ ಕಣಜದಲ್ಲಿ ಕಣಜ ಗೂಬೆ ಉಗುಳಿದ, ಎಲುಬು ರೋಮಗಳ ಉಂಡೆಗಳು ಸಿಕ್ಕರೆ ನೀರಿನಲ್ಲಿ ನೆನೆಸಿ ಬಿಡಿಸಿರಿ, ಏಕೆಂದರೆ ಆ ಗೂಬೆಯ ಮುಖ್ಯ ಆಹಾರವೇ ಫೀಲ್ಡ್ ವೋಲ್. ದವಡೆಯ ಹಲ್ಲುಗಳ ಮೇಲ್ಮೈ ಅಂಕುಡೊಂಕು ರೇಖೆಯಂತಿದ್ದರೆ ಅದು ವೋಲ್‌ನದು. ಇಲಿಯ ದವಡೆಹಲ್ಲಿನ ಮೇಲೆ ಗುಬುಟುಗಳಿರುತ್ತವೆ.

ಪ್ರತಿ ಸಲವೂ ಸರಿಸಿದ ಹುಲ್ಲನ್ನು ಮೊದಲಿದ್ದಂತೆ ಮುಚ್ಚಿರಿ, ಬುಡದಲ್ಲಿ ಸೀಳಿದ ಹುಲ್ಲಿನ ಗೂಡೂ ಅದರಲ್ಲಿ ಮರಿಗಳೂ ಇರಬಹುದು. 25 ಚೌಕಗಳಲ್ಲಿ ಒಂದರಲ್ಲೂ ಹಸಿರು ತುಣುಕು ಕಾಣದಿದ್ದರೂ ಸೊನ್ನೆಯನ್ನು ದಿನಾಂಕದೊಂದಿಗೆ ಬರೆದಿಡಿರಿ. ಕೀಲ್ಡರಿನಂಥ ಕಡೆ ವೋಲ್‌ಗಳ ಸಂಖ್ಯೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಇಂದು ಬರಿದಾಗಿ ಕಂಡ ಜಾಗಕ್ಕೆ ಮುಂದಿನ ವಸಂತದಲ್ಲಿ ಅದೇ ಚೌಕಟ್ಟನ್ನು ಹಿಡಿದು ಮತ್ತೆ ಹೋಗಬೇಕು.